ತಾತನ ಫೋಟೋದಲ್ಲಿರೋ ಸ್ಟುಡ್‌ಬೇಕರ್: 114 ವರ್ಷ ಬಾಳಿದ ಕಂಪನಿ ಮುಳುಗಿದ್ದು ಹೆಂಗೆ?

ಒಂಟಿಕೊಪ್ಪಲ್ ಹುಡುಗ:

ಎಲ್ರಿಗೂ ನಮಸ್ಕಾರ. ಹೋದ್ ವಾರ ಮನೆಗೆ ಸುಣ್ಣಬಣ್ಣ ಹೊಡ್ಸೋಕೆ ಅಂತ ಅಟ್ಟದ ಮೇಲಿನ ಟ್ರಂಕ್ ಇಳಿಸಿದ್ವಿ, ಅದ್ರಲ್ಲಿ ತಾತಂದು ಒಂದು ಫೋಟೋ ಸಿಕ್ತು. ಖಾಕಿ ಪ್ಯಾಂಟು, ತೋಳು ಮಡಿಚಿರೋ ಬಿಳಿ ಶರ್ಟು, ಒಂದು ಕಾಲು ಬಂಪರ್ ಮೇಲೆ ಇಟ್ಕೊಂಡು ನಿಂತವ್ರೆ, ಹಿಂದ್ಗಡೆ ಚಾಮುಂಡಿ ಬೆಟ್ಟದ ರಸ್ತೆ. ತಾತ ಮಂಡಿ ಮೊಹಲ್ಲಾದ ಒಬ್ರು ಮರದ ವ್ಯಾಪಾರಿ ಹತ್ರ ಡ್ರೈವರ್ ಆಗಿದ್ರು, ಅವ್ರು ತೀರ್ಕೊಂಡಾಗ ನಂಗೆ ನಾಕು ವರ್ಷ, ಹಂಗಾಗಿ ಅವ್ರ ಬಾಯಿಂದ ಏನೂ ಕೇಳಕ್ಕೆ ಆಗ್ಲಿಲ್ಲ.

ಆ ಕಾರಿನ ಮೂತಿ ಮಧ್ಯದಲ್ಲಿ, ಏರೋಪ್ಲೇನ್ ಫ್ಯಾನ್ ಬಿಚ್ಚಿಟ್ರೆ ಹೆಂಗಿರ್ತದೋ ಹಂಗೆ, ದುಂಡಗೆ ಒಂದು ಗುಬುಟು ಮುಂದಕ್ಕೆ ಬಂದಿದೆ. ಅಪ್ಪ ನೋಡಿದ್ ತಕ್ಷಣ "ಇದು ಸ್ಟುಡ್‌ಬೇಕರ್ ಕಣೋ, ಸಾವ್ಕಾರ್ರ ಗಾಡಿ" ಅಂದ್ರು. ಫೋರ್ಡ್ ಗೊತ್ತು, ಷೆವ್ರೊಲೆ ಗೊತ್ತು, ಈ ಹೆಸ್ರು ಮಾತ್ರ ನಾನು ಕೇಳೇ ಇರ್ಲಿಲ್ಲ. ಹುಡುಕಿ ನೋಡಿದ್ರೆ 1852ರಲ್ಲಿ ಶುರುವಾಗಿ 1966ರವರ್ಗೂ ಗಾಡಿ ಮಾಡವ್ರೆ! ಅಷ್ಟು ಹಳೇ ಮನೆತನ, ಎರಡು ಮಹಾಯುದ್ಧ ಕಂಡಿರೋ ಕಂಪನಿ, ಅದು ಹೆಂಗೆ ಹೇಳ ಹೆಸರಿಲ್ದಂಗೆ ಹೋಯ್ತು? ಇದು ಯಾವ ಮಾಡೆಲ್ಲು, ನಮ್ಮ ಮೈಸೂರಿಗೆ ಹೆಂಗೆ ಬಂತು, ತಿಳಿದೋರು ದಯವಿಟ್ಟು ಹೇಳಿ. ಫೋಟೋಗೆ ಫ್ರೇಮ್ ಹಾಕಿಸ್ತಿದೀನಿ, ಕೆಳಗೆ ಸರಿಯಾದ ಹೆಸ್ರು ಬರೆಸ್ಬೇಕು ಅಂತ ಆಸೆ.

ಗ್ಯಾರೇಜ್ ಮಗ:

ಮೂತಿ ಹಂಗಿದ್ರೆ 1950 ಇಲ್ಲ 51ರ ಗಾಡಿ, ಡೌಟೇ ಬೇಡ. ಬುಲೆಟ್ ನೋಸ್ ಅಂತ ಕರೀತಾರೆ, ಆ ಮೂತಿ ಇದ್ದಿದ್ದೇ ಆ ಎರಡು ವರ್ಷ, 52ಕ್ಕೆ ತೆಗೆದಾಕಿದ್ರು. ಹಿಂದಿನ ಬಾಗ್ಲ ಹಿಡಿ ಎಲ್ಲಿದೆ ನೋಡಿ, ಮುಂದಿನ ಬಾಗ್ಲ ಹಿಡಿ ಪಕ್ಕದಲ್ಲೇ ಮಧ್ಯದ ಕಂಬಕ್ಕೆ ಅಂಟ್ಕೊಂಡಂಗೆ ಇದ್ರೆ ಅದು ನಾಕು ಬಾಗ್ಲಿಂದು, ಅದ್ರಲ್ಲಿ ಹಿಂದಿನ ಬಾಗ್ಲು ಉಲ್ಟಾ ತೆಗೀತದೆ. ಚಾಂಪಿಯನ್ ಅಂತ ಚಿಕ್ಕದು, ಕಮಾಂಡರ್ ಅಂತ ದೊಡ್ಡದು, ಸೈಡಿಂದ ತೆಗೆದಿರೋ ಫೋಟೋ ಇದ್ರೆ ಹಾಕಿ, ಹೇಳ್ತೀನಿ.

ಹಿಂದೂಸ್ತಾನ್ ಮೋಟಾರ್ಸ್ ಅಂದ್ರೆ ಎಲ್ರಿಗೂ ಅಂಬಾಸಡರ್ ಒಂದೇ ನೆನಪು, ಅದಕ್ಕೂ ಮುಂಚೆ ಅವ್ರು ಅಮೆರಿಕದಿಂದ ಸ್ಟುಡ್‌ಬೇಕರ್ ಕಾರು, ಲಾರಿ ಎರಡ್ರದ್ದೂ ಬಿಡಿಭಾಗ ತರಿಸ್ಕೊಂಡು ಇಲ್ಲಿ ಜೋಡಿಸ್ತಿದ್ರು. ಮೊದ್ಲು ಗುಜರಾತಿನ ಓಖಾ ಬಂದರಲ್ಲಿ, ಆಮೇಲೆ 1948ರಿಂದ ಕಲ್ಕತ್ತಾ ಹತ್ರ ಉತ್ತರಪಾರದಲ್ಲಿ. 1953ರಲ್ಲಿ ಸರ್ಕಾರ ಬರೀ ಜೋಡಿಸೋದು ನಡಿಯಲ್ಲ, ಇಲ್ಲೇ ತಯಾರು ಮಾಡ್ಬೇಕು ಅಂತ ಪಟ್ಟು ಹಿಡಿದಾಗ ಫೋರ್ಡು, ಜಿಎಮ್ಮು (ಜನರಲ್ ಮೋಟಾರ್ಸು, ಷೆವ್ರೊಲೆ ಅವ್ರದ್ದೇ) ಗಂಟು ಕಟ್ಕೊಂಡು ಹೋದ್ರು, ದೊಡ್ಡ ಅಮೆರಿಕನ್ ಗಾಡಿಗಳ ಕಾಲ ಇಲ್ಲಿ ಅಲ್ಲಿಗೇ ಮುಗೀತು ಅನ್ನಿ. ನಮ್ಮಪ್ಪ ಬನ್ನಿಮಂಟಪದ ಕಡೆ ಗ್ಯಾರೇಜ್ ಇಟ್ಕೊಂಡಿದ್ರು, ಸ್ಟುಡ್‌ಬೇಕರ್ ಬಂದ್ರೆ ಬಾನೆಟ್ ಎತ್ತೋಕೆ ಮುಂಚೆ ಕೈ ಒರೆಸ್ಕೋತಿದ್ರು, ಬೇರೆ ಗಾಡಿಗೆ ಹಂಗೆ ಮಾಡಿದ್ದು ನಾನು ಕಂಡಿಲ್ಲ.

ಮುಳುಗಿದ್ದು ಹೆಂಗೆ ಅಂದ್ರಾ, ನಂಗೆ ನಿಜವಾಗ್ಲೂ ಸಂಕಟ ಆಗೋ ಕಥೆ ಅದು. ಯುದ್ಧ ಮುಗಿದ್ ಮೇಲೆ ಉಳಿದೋರೆಲ್ಲ 1942ರ ಹಳೇ ಗಾಡಿಗೇ ಗ್ರಿಲ್ ಬದಲಾಯಿಸಿ ಮಾರ್ತಿದ್ರೆ ಇವ್ರು 47ರ ಮಾಡೆಲ್ ಅಂತ ಪೂರ್ತಿ ಹೊಸ ಗಾಡಿ ಬಿಟ್ರು. ಅದ್ರ ಕೂಪೆಗೆ, ಅಂದ್ರೆ ಎರಡು ಬಾಗ್ಲ ಗಾಡಿಗೆ, ಹಿಂದಿನ ಗಾಜು ಎಷ್ಟು ಸುತ್ಕೊಂಡಿತ್ತು ಅಂದ್ರೆ ಗಾಡಿ ಬರ್ತಾ ಇದ್ಯೋ ಹೋಗ್ತಾ ಇದ್ಯೋ ಅಂತ ಅಮೆರಿಕದಲ್ಲಿ ಜನ ಮಾತಾಡ್ಕೊತಿದ್ರಂತೆ. 1950 ಅವ್ರ ಬಂಗಾರದ ವರ್ಷ. 53ರಲ್ಲಿ ರೇಮಂಡ್ ಲೋವಿ ಅನ್ನೋ ಡಿಸೈನರ್ ಆಫೀಸಿನೋರು ಒಂದು ಕೂಪೆ ಬರೆದ್ರು, ತಗ್ಗಾಗಿ ಉದ್ದಕ್ಕೆ, ಒಂದು ಗೆರೆ ಜಾಸ್ತಿ ಇಲ್ಲ ಕಮ್ಮಿ ಇಲ್ಲ, ಇವತ್ತಿಗೂ ನೋಡ್ತಾ ಕೂರ್ಬೋದು. ಜನ ಮುಗಿಬಿದ್ದು ಅದನ್ನೇ ಕೇಳಿದ್ರು, ಫ್ಯಾಕ್ಟ್ರಿಯೋರು ಮಾತ್ರ ಸೆಡಾನ್ ಜಾಸ್ತಿ ಹೋಗ್ತದೆ ಅಂತ ಅದಕ್ಕೇ ರೆಡಿ ಆಗಿದ್ರು, ಮೇಲಿಂದ ಕೂಪೆ ಮುಂಭಾಗದ ತಗಡು ಒಂದಕ್ಕೊಂದು ಕೂಡ್ತಿರ್ಲಿಲ್ಲ, ಅದನ್ನ ಸರಿ ಮಾಡೋಷ್ಟ್ರಲ್ಲಿ ಕೊಳ್ಳೋರು ಬೇರೆ ಶೋರೂಮ್ ಹತ್ತಿದ್ರು. ಅದೇ ಹೊತ್ಗೆ ಫೋರ್ಡೂ ಷೆವ್ರೊಲೆನೂ ನಾನಾ ನೀನಾ ಅಂತ ರೇಟ್ ಇಳಿಸ್ಕೊಂಡು ಗುದ್ದಾಡಿದ್ರು, ಎರಡು ಕೋಣ ಕಾದಾಡಿದ್ರೆ ಗಿಡಕ್ಕೆ ತಾನೆ ಕೇಡು.

1954ರಲ್ಲಿ ಪ್ಯಾಕರ್ಡ್ ಅನ್ನೋ ಇನ್ನೊಂದು ಅಮೆರಿಕನ್ ಕಾರ್ ಕಂಪನಿ ಜೊತೆ ಸೇರ್ಕೊಂಡ್ರು. ಸೇರಿದ್ ಮೇಲೆ ಪ್ಯಾಕರ್ಡಿನೋರು ಲೆಕ್ಕ ತೆಗೆದು ನೋಡಿದ್ರೆ, ನಷ್ಟ ಇಲ್ದೆ ಇರ್ಬೇಕು ಅಂದ್ರೆ ವರ್ಷಕ್ಕೆ 2,82,000 ಗಾಡಿ ಹೋಗ್ಬೇಕು, 54ರಲ್ಲಿ ಹೋಗಿದ್ದು 82,000 ಚಿಲ್ರೆ. ಮದ್ವೆ ಆದ್ಮೇಲೆ ಮನೆ ಸಾಲ ಗೊತ್ತಾದಂಗೆ. ನನ್ನ ಪ್ರಕಾರ ಮುಖ್ಯ ಕಾರಣ ಕೂಲಿ, ಬೇರೆ ಕಂಪನಿಗಿಂತ ಜಾಸ್ತಿ ಕೊಡ್ತಿದ್ರು, ಯೂನಿಯನ್ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದೇ ಮುಳುವಾಯ್ತು.

ಪಾಂಡವಪುರದವ್ನು:

ಕಾರಿನ ವಿಷ್ಯ ನಂಗೆ ಅಷ್ಟಾಗಿ ಗೊತ್ತಿಲ್ಲ, ಆದ್ರೆ ಸ್ಟುಡ್‌ಬೇಕರ್ ಅಂದ ತಕ್ಷಣ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಅವ್ರು ಮೂಲತಃ ಗಾಡಿ ಮಾಡೋರು, ಗಾಡಿ ಅಂದ್ರೆ ಮರದ ಗಾಡಿ, ನಮ್ಮನೆಯೋರ ಕಸುಬು. ನಮ್ಮಜ್ಜ ಪಾಂಡವಪುರ ಸೀಮೆಲಿ ಎತ್ತಿನ ಗಾಡಿ ಮಾಡ್ತಿದ್ರು.

ಅಮೆರಿಕದ ಇಂಡಿಯಾನಾದಲ್ಲಿ ಸೌತ್ ಬೆಂಡ್ ಅಂತ ಊರು, 1852ರಲ್ಲಿ ಹೆನ್ರಿ, ಕ್ಲೆಮ್ ಅಂತ ಅಣ್ತಮ್ಮಂದ್ರು ಅಲ್ಲಿ ಕುಲುಮೆ ಇಟ್ರು. ಕೈಯಲ್ಲಿದ್ದಿದ್ದು 68 ಡಾಲರ್. ಅವ್ರಪ್ಪನೂ ಕಮ್ಮಾರನೇ. ಮೂರನೆಯೋನು ಜಾನ್, ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ತದೆ ಅಂತ ಊರೂರೇ ಗುಳೆ ಹೋಗ್ತಿದ್ದಾಗ ಅವ್ನೂ ಹೋದ, ಹೋಗಿ ಚಿನ್ನ ಅಗೆಯೋದು ಬಿಟ್ಟು ಅಗೆಯೋರಿಗೆ ಬೇಕಾದ ತಳ್ಳೋ ಗಾಡಿ ಮಾಡ್ಕೊಟ್ಟ. ಐದು ವರ್ಷ ಮೈಮುರಿದು 1858ರಲ್ಲಿ 8,000 ಡಾಲರ್ ಗಂಟು ಕಟ್ಕೊಂಡು ಬಂದು ಹೆನ್ರಿ ಪಾಲು ತಾನು ತಗೊಂಡ. ಆ ದುಡ್ಡೇ ಬೇರಿಗೆ ನೀರಾಯ್ತು. ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಂಡಿ ಮಾಡ್ಕೊಟ್ರು, ಪಶ್ಚಿಮಕ್ಕೆ ವಲಸೆ ಹೋಗೋರಿಗೆ ಮಾಡ್ಕೊಟ್ರು, ಆ ಶತಮಾನ ಮುಗಿಯೋಷ್ಟ್ರಲ್ಲಿ ಪ್ರಪಂಚದಲ್ಲೇ ದೊಡ್ಡ ಗಾಡಿ ಕಾರ್ಖಾನೆ ನಮ್ದು ಅಂತ ಹೇಳ್ಕೊಳ್ಳೋ ಮಟ್ಟಕ್ಕೆ ಬಂದಿದ್ರು.

ಈಗ ಯಾರೂ ನೋಡಿರಲ್ಲ, ಅದ್ಕೇ ಹೇಳ್ತೀನಿ. ಚಕ್ರಕ್ಕೆ ಪಟ್ಟಿ ಹಾಕೋ ದಿನ ನಮ್ಮನೇಲಿ ಹಬ್ಬ ಇದ್ದಂಗೆ. ಗುಂಬಕ್ಕೆ (ಚಕ್ರದ ನಡುವಿನ ದಿಮ್ಮಿ) ಅರೆಕಾಲು (ಕಡ್ಡಿ) ಹೊಡೆದು ಚಕ್ರ ರೆಡಿ ಮಾಡಿಟ್ಟಿರ್ತಿದ್ರು, ಕಬ್ಬಿಣದ ಪಟ್ಟಿನ ಚಕ್ರದ ಅಳತೆಗಿಂತ ಒಂಚೂರು ಚಿಕ್ಕದಾಗೇ ಬೆಸೆದು ಸುತ್ತ ಬೆರಣಿ ಜೋಡಿಸಿ ಬೆಂಕಿ ಹಾಕೋರು. ಕೆಂಪಗೆ ಕಾದು ಹಿಗ್ಗಿದ ಮೇಲೆ ಮೂರು ಜನ ಇಕ್ಕಳದಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸ್ಬೇಕು, ಮರ ಹೊಗೆ ಕಾರೋಕೆ ಶುರು ಮಾಡೋಷ್ಟ್ರಲ್ಲಿ ಬಿಂದಿಗೆ ಬಿಂದಿಗೆ ನೀರು ಹುಯ್ಬೇಕು, ಚೊರ್ ಅಂತ ಸದ್ದು, ಪಟ್ಟಿ ಕುಗ್ತಾ ಕುಗ್ತಾ ಅಷ್ಟೂ ಮರನ ಬಿಗಿದು ಕಟ್ಟೋವಾಗ ಅರೆಕಾಲೆಲ್ಲ ಕಟಕಟ ಅಂತಿತ್ತು. ಒಂದು ಬೆರಳಷ್ಟು ಅಳತೆ ತಪ್ಪಿದ್ರೂ ಚಕ್ರ ಕೆಟ್ಟಂಗೆ. ಸೌತ್ ಬೆಂಡಿನ ಕುಲುಮೇಲೂ ಕೆಲ್ಸ ಇದೇ ತಾನೆ.

ಟೈರ್ ಗಾಡಿ ಬಂದ್ಮೇಲೆ ನಮ್ಮಜ್ಜನ ಕೆಲ್ಸ ನಿಂತೋಯ್ತು. ಆ ಅಣ್ತಮ್ಮಂದ್ರ ಕಂಪನಿಯೋರು ಮಾತ್ರ 1902ಕ್ಕೇ ಬ್ಯಾಟ್ರಿ ಕಾರ್ ಮಾಡಿದ್ರು, 1904ಕ್ಕೆ ಪೆಟ್ರೋಲ್ ಕಾರು, ಅದ್ರ ಜೊತೆಗೆ ಕುದುರೆ ಗಾಡಿನೂ 1920ರವರ್ಗೂ ಬಿಡ್ಲಿಲ್ಲ. ಗಾಡಿ ಮಾಡ್ತಿದ್ದೋರು ಸಾವಿರಾರು ಜನ ಇದ್ರು ಆ ದೇಶದಲ್ಲಿ, ಕಾರಿಗೆ ದಾಟ್ಕೊಂಡು ಅಷ್ಟು ಎತ್ತರಕ್ಕೆ ಬೆಳೆದೋರು ಇವ್ರು. ಮುಳುಗಿದ್ದನ್ನೇ ಮಾತಾಡ್ತೀವಿ, ಆ ದಾಟಿದ್ದೂ ಮಾತಾಡ್ಬೇಕು.

ಯಾದವಗಿರಿ ರೋಡು:

ಓದ್ತಾ ಓದ್ತಾ ನಮ್ಮ ಮೈಸೂರಿನ ಬೈಕ್ ಫ್ಯಾಕ್ಟ್ರಿ ಐಡಿಯಲ್ ಜಾವಾನೇ ಕಣ್ಮುಂದೆ ಬಂತು. 1961ರಲ್ಲಿ ಗಾಡಿ ಬಿಡೋಕೆ ಶುರು ಮಾಡಿ 1996ರಲ್ಲಿ ಬಾಗ್ಲು ಹಾಕಿದ್ರು, ಆದ್ರೂ ಇವತ್ತೂ ಯೆಜ್ಡಿ ಸದ್ದು ಕೇಳಿದ್ರೆ ಮನೆಯಿಂದ ಹೊರಗೆ ಬಂದು ನೋಡ್ತೀವಿ. ಸೌತ್ ಬೆಂಡಲ್ಲೂ ಹಂಗೇ ಇರ್ಬೇಕು ಜನ.

ಟೂಲ್‌ರೂಮ್ ರಿಟೈರ್ಡ್:

ಗ್ಯಾರೇಜ್ ಮಗ ಅವ್ರೇ, ನೀವು ಬರೆದಿದ್ದು ಬಹಳ ಚೆನ್ನಾಗಿದೆ, ಕೊನೇ ಎರಡು ಸಾಲು ಬಿಟ್ಟು. ಕೂಲಿ ಜಾಸ್ತಿ ಇತ್ತು, ನಿಜ. ಆದ್ರೆ ಕೂಲಿಯೋರು ಮುಳುಗಿಸಿದ್ರು ಅನ್ನೋದು ಒಪ್ಪಲ್ಲ.

ಮೊದಲನೇ ಸಲ ಮುಳುಗಿದ್ದು 1933ರಲ್ಲಿ, ಅದು ಯಾರ ಕೆಲ್ಸ ಅಂತ ನೋಡಿ. ಆಲ್ಬರ್ಟ್ ಅರ್ಸ್ಕಿನ್ ಅಂತ ಅಧ್ಯಕ್ಷ, ಮಹಾ ಕುಸಿತದಲ್ಲಿ ದೇಶವೇ ಮಕಾಡೆ ಮಲಗಿರೋವಾಗ ಇನ್ನೇನು ಮೇಲೇಳ್ತದೆ ಅಂತ ನಂಬ್ಕೊಂಡು, ದುಡಿದಿದ್ದಕ್ಕಿಂತ ಜಾಸ್ತಿ ಡಿವಿಡೆಂಡ್ ಷೇರುದಾರರಿಗೆ ಹಂಚಿದ್ರು. ಗಂಟು ಕರಗ್ತು, ಕಂಪನಿ ಕೋರ್ಟಿನ ಕೈಗೆ ಹೋಯ್ತು, ಅದೇ ವರ್ಷ ಜುಲೈನಲ್ಲಿ ಆತ ಪ್ರಾಣ ಕಳ್ಕೊಂಡ್ರು. ಹಾಫ್‌ಮನ್, ವಾನ್ಸ್ ಅಂತ ಇಬ್ರು ಅದನ್ನ ಎತ್ತಿ ನಿಲ್ಸಿದ್ರು, 1939ರ ಚಾಂಪಿಯನ್ ಬಂದಿದ್ದು ಹಂಗೆ, ಹಗುರ ಗಾಡಿ, ಒಳ್ಳೆ ಮೈಲೇಜು. ಯುದ್ಧದಲ್ಲಿ ಇವ್ರ ಲಾರಿ ಲಕ್ಷಕ್ಕೂ ಮೀರಿ ತಯಾರಾದ್ವು, ಅದ್ರಲ್ಲಿ ಬಹುಪಾಲು ರಷ್ಯಾಕ್ಕೇ ಹೋಗಿದ್ದು. ಇದನ್ನೆಲ್ಲ ಮಾಡಿದ್ದು ಅದೇ ಕೂಲಿಯೋರ ಕೈ.

ಕಾರಣ ನಾನು ಹೇಳ್ತೀನಿ, ಗಾತ್ರ. ಒಂದು ಪ್ರೆಸ್ ಡೈ, ಅಂದ್ರೆ ತಗಡು ಒತ್ತೋ ಅಚ್ಚು, ಸೆಟ್ ಮಾಡೋಕೆ ತಗಲೋ ಖರ್ಚು, ಅದ್ರಲ್ಲಿ ಐವತ್ತು ಸಾವಿರ ಬಾಗ್ಲು ಒತ್ತಿದ್ರೂ ಅಷ್ಟೇ, ಹತ್ತು ಲಕ್ಷ ಒತ್ತಿದ್ರೂ ಹೆಚ್ಚುಕಮ್ಮಿ ಅಷ್ಟೇ. ಜಿಎಮ್ಮಿನೋನು ಆ ಖರ್ಚನ್ನ ಹತ್ತು ಲಕ್ಷ ಗಾಡಿ ಮೇಲೆ ಹಂಚ್ತಾನೆ, ಇವ್ರು ಲಕ್ಷದ ಮೇಲೆ ಹಂಚ್ಬೇಕು. ನಾನು ಮೂವತ್ತೊಂದು ವರ್ಷ ಡೈ ಮಾಡಿದೋನು, ಈ ಲೆಕ್ಕದಿಂದ ತಪ್ಪಿಸ್ಕೊಂಡೋರನ್ನ ಕಂಡಿಲ್ಲ. 1959ರಲ್ಲಿ ಲಾರ್ಕ್ ಅಂತ ಚಿಕ್ಕ ಗಾಡಿ ಬಿಟ್ರು, ಅದೂ ಹಳೇ ಬಾಡಿನೇ ಹಿಂದೆಮುಂದೆ ಕತ್ತರಿಸಿ ಮಾಡಿದ್ದು, ಡೈ ದುಡ್ಡು ಉಳೀಲಿ ಅಂತ. ಚೆನ್ನಾಗೇ ಓಡ್ತು, ಲಾಭನೂ ಬಂತು. ಮಾರನೇ ವರ್ಷವೇ ಫೋರ್ಡ್ ಫಾಲ್ಕನ್, ಷೆವ್ರೊಲೆ ಕಾರ್ವೇರ್, ಕ್ರೈಸ್ಲರ್ ವ್ಯಾಲಿಯಂಟ್ ಮೂರೂ ಅದೇ ಸೈಜಲ್ಲಿ ಇಳಿದ್ವು, ಅಲ್ಲಿಗೆ ಉಸಿರು ಕಟ್ತು. ಕೊನೇಗೆ ಅವಾಂಟಿ ಅಂತ ಫೈಬರ್ ಬಾಡಿ ಗಾಡಿ ತಂದ್ರು, ನೋಡಕ್ಕೆ ಅಷ್ಟು ಚೆಂದ, ಕೈಗೆ ಬರೋದು ಮಾತ್ರ ತಡ.

1963 ಡಿಸೆಂಬರ್ 9ಕ್ಕೆ ಸೌತ್ ಬೆಂಡ್ ಕಾರ್ಖಾನೆ ಮುಚ್ತೀವಿ ಅಂದ್ರು, 20ನೇ ತಾರೀಕು ಕೊನೇ ಕಾರು ಹೊರಗೆ ಬಂತು. ಕ್ರಿಸ್‌ಮಸ್‌ಗೆ ಐದು ದಿನ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1966 ಮಾರ್ಚ್‌ವರ್ಗೂ ಒಂಚೂರು ಎಳೆದ್ರು. ಇಲ್ಲಿ ಯಾರೂ ಹೇಳದೇ ಇರೋದು ಪೆನ್ಷನ್ ವಿಷ್ಯ. 60 ದಾಟಿ ಸರ್ವಿಸ್ ಮುಗ್ಸಿದೋರಿಗೆ ಪೂರ್ತಿ ಬಂತು. 40ರಿಂದ 59 ವಯಸ್ಸಿನೋರು ಸುಮಾರು 4,000 ಜನ, ಅವ್ರಿಗೆ ಬರ್ಬೇಕಾದ್ರಲ್ಲಿ ನೂರಕ್ಕೆ 15 ಭಾಗ ಕೈಗೆ ಬಂತು. ಅದಕ್ಕಿಂತ ಚಿಕ್ಕೋರಿಗೆ ಒಂದು ಬಿಡಿಗಾಸೂ ಇಲ್ಲ. 59 ವರ್ಷದೋನು ಹದಿನೆಂಟಕ್ಕೆ ಸೇರಿದ್ರೆ ನಲವತ್ತು ವರ್ಷ ಮೀರಿ ದುಡಿದಿರ್ತಾನೆ, ಯೋಚ್ನೆ ಮಾಡಿ. ಆ ಗಲಾಟೆ ವಾಷಿಂಗ್ಟನ್‌ವರ್ಗೂ ಹೋಗಿ ಕಡೇಗೆ 1974ರಲ್ಲಿ ಕಾರ್ಮಿಕರ ಪೆನ್ಷನ್ ಕಾಪಾಡೋ ಕಾನೂನು ಬಂತು. ನಾನು ಮೊದ್ಲು ಕೆಲ್ಸ ಮಾಡಿದ ಫ್ಯಾಕ್ಟ್ರಿ ಮುಚ್ಚಿದಾಗ ನನ್ನ ಲೆಕ್ಕ ಚುಕ್ತಾ ಆಗಕ್ಕೆ ಆರು ವರ್ಷ ಹಿಡೀತು, ಮಗಳ ಮದ್ವೆ ಸಾಲದಲ್ಲೇ ಮಾಡಿದೀನಿ, ಅದ್ಕೇ ಈ ಭಾಗ ನಂಗೆ ಬರೀ ಇತಿಹಾಸ ಅಲ್ಲ.

ಗ್ಯಾರೇಜ್ ಮಗ:

ಟೂಲ್‌ರೂಮ್ ಸಾರ್, ಪೆನ್ಷನ್ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ. ಡೈ ಲೆಕ್ಕ ಒಪ್ತೀನಿ, ಕೂಲಿ ಒಂದು ಕಾರಣ ಹೌದು ಅಂತ ಈಗ್ಲೂ ಅಂತೀನಿ, ಆದ್ರೆ ಮುಖ್ಯ ಅಂದಿದ್ದು ವಾಪಸ್ ತಗೊಂಡೆ.

ಒಂಟಿಕೊಪ್ಪಲ್ ಅವ್ರೇ, ನಿಮ್ಮಪ್ಪನ್ನ ಒಂದು ಮಾತು ಕೇಳಿ. ಸ್ಟುಡ್‌ಬೇಕರಲ್ಲಿ ಹಿಲ್ ಹೋಲ್ಡರ್ ಅಂತ ಒಂದು ವಾಲ್ವ್ ಇರ್ತಿತ್ತು, 1936ರಿಂದ ಹಾಕ್ತಿದ್ರು. ಏರಲ್ಲಿ ನಿಲ್ಸಿದಾಗ ಒಳಗಿರೋ ಗುಂಡು ಹಿಂದಕ್ಕೆ ಉರುಳಿ ಬ್ರೇಕ್ ಆಯಿಲ್ ದಾರಿ ಮುಚ್ಚತ್ತೆ, ಕ್ಲಚ್ ಒತ್ತಿ ಹಿಡಿದಿರೋವರ್ಗೂ ಬ್ರೇಕ್ ಬಿಟ್ರೂ ಗಾಡಿ ಜಾರಲ್ಲ, ಕ್ಲಚ್ ಬಿಡ್ತಾ ಬಂದಂಗೆ ತಾನೇ ಸಡಿಲ ಆಗತ್ತೆ. ಎಲ್ಲ ಗಾಡಿಲೂ ಇರ್ತಿರ್ಲಿಲ್ಲ. ಫೋಟೋ ಬೇರೆ ಬೆಟ್ಟದ ರಸ್ತೇಲಿದೆ, ಅದಕ್ಕೆ ಕೇಳಿದೆ.

ಒಂಟಿಕೊಪ್ಪಲ್ ಹುಡುಗ:

ಎಲ್ರಿಗೂ ಕೈಮುಗೀತೀನಿ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಕೊಡ್ತೀರಿ ಅಂದ್ಕೊಂಡಿರ್ಲಿಲ್ಲ. ಬಾಗ್ಲ ಹಿಡಿ ಎರಡೂ ಮಧ್ಯದ ಕಂಬದ ಹತ್ರನೇ ಅಕ್ಕಪಕ್ಕ ಇವೆ. ಸೈಡ್ ಫೋಟೋ ಇಲ್ಲ.

ಹಿಲ್ ಹೋಲ್ಡರ್ ಬಗ್ಗೆ ಓದಿ ಹೇಳ್ತಿದ್ದಂಗೆ ಅಪ್ಪ ಕೂತಿದ್ದ ಚೇರಿಂದ ಎದ್ದೇ ಬಿಟ್ರು. ಸಾವ್ಕಾರ್ರು ಊರಲ್ಲಿ ಇಲ್ದಾಗ ಒಂದೆರಡು ಸಲ ತಾತ ಅಪ್ಪನ್ನ, ಅತ್ತೇನ ಗಾಡೀಲಿ ಕೂರಿಸ್ಕೊಂಡು ಬೆಟ್ಟಕ್ಕೆ ಕರ್ಕೊಂಡೋಗಿದ್ರಂತೆ. ಏರಿನ ತಿರುವಲ್ಲಿ ನಿಲ್ಸಿ, ಬಲಗಾಲನ್ನ ಬ್ರೇಕಿಂದ ಎತ್ತಿ ಮಕ್ಕಳಿಗೆ ಕಾಣೋ ಹಂಗೆ ಸೀಟ್ ಮೇಲೆ ಮಡಚಿಟ್ಕೊತಿದ್ರಂತೆ. ಗಾಡಿ ಒಂದಿಂಚೂ ಹಿಂದಕ್ಕೆ ಹೋಗ್ತಿರ್ಲಿಲ್ಲ. ಅತ್ತೆ ಕಿರುಚ್ಕೊಂಡ್ರೆ ತಾತ "ಹೆದ್ರುಬೇಡ ಮಗ, ಚಾಮುಂಡವ್ವ ಹಿಡ್ಕೊಂಡವ್ಳೆ" ಅಂತಿದ್ರಂತೆ. ಅಪ್ಪ ಅದನ್ನ ಇಷ್ಟು ವರ್ಷ ಹಂಗೇ ನಂಬ್ಕೊಂಡಿದ್ರು.