ಪದಚರ್ಚೆ: ಕುದುರೆ ಪಾದದ ಎಕ್ಸ್‌ರೇಯಲ್ಲಿ ಕಾಣೋ ಮೂಳೆಗಳಿಗೆ ನಿಮ್ಮ ಕಡೆ ಏನಂತಾರೆ?

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದೀನಿ. ಜಟಕಾ ಕುದುರೆ, ಮೆರವಣಿಗೆ ಕುದುರೆ ಸಾಕಿರೋರಿಗೆ, ಲಾಳ ಕಟ್ಟೋ ನಾಲಬಂದರಿಗೆ ಕೊಡೋಕೆ ಅಂತ ಒಂದು ಚಾರ್ಟ್ ಮಾಡ್ತಾ ಇದೀವಿ. ಒಂದು ಕಡೆ ಕುದುರೆ ಪಾದದ ಎಕ್ಸ್‌ರೇ, ಇನ್ನೊಂದು ಕಡೆ ಸಿಟಿ ಸ್ಕ್ಯಾನ್ ಚಿತ್ರ, ಒಂದೊಂದು ಮೂಳೆಗೂ ಕನ್ನಡದಲ್ಲೇ ಹೆಸರು. ಚಿತ್ರ ಪಶುವೈದ್ಯರು ಕೊಟ್ಟಿದಾರೆ, ಹೆಸರು ಹಾಕೋದು ನನ್ನ ಪಾಲಿಗೆ ಬಂದಿದೆ.

ನನಗೆ ಬೇಕಾಗಿರೋದು ಮುಖ್ಯವಾಗಿ ಮೂರು ಪದ. ಗೊರಸಿನ ಒಳಗೆ ಕೂತಿರೋ ಕೊನೇ ಮೂಳೆಗೆ, ಗೊರಸಿನ ಮೇಲೆ ಓರೆಯಾಗಿ ಇಳಿಯೋ ಆ ಗೇಣುದ್ದಕ್ಕಿಂತ ಕಮ್ಮಿ ಭಾಗಕ್ಕೆ, ಆಮೇಲೆ ಮಾಂಸಖಂಡವನ್ನ ಮೂಳೆಗೆ ಕಟ್ಟೋ ಗಟ್ಟಿ ಪಟ್ಟಿ, ಇಂಗ್ಲಿಷ್‌ನಲ್ಲಿ ಟೆಂಡನ್ ಅಂತಾರಲ್ಲ ಅದಕ್ಕೆ, ಬಳಕೆಯಲ್ಲಿರೋ ಕನ್ನಡ ಪದ ಯಾವ್ದು?

ಮೊದಲನೇದು ಇಂಗ್ಲಿಷ್‌ನಲ್ಲಿ ಕಾಫಿನ್ ಬೋನ್. ಸುತ್ತ ಗೊರಸು ಮುಚ್ಕೊಂಡು ಮೂಳೆ ಒಳಗೆ ಸೇರ್ಕೊಂಡಿರೋದ್ರಿಂದ ಆ ಹೆಸರು. ಶವಪೆಟ್ಟಿಗೆ ಮೂಳೆ ಅಂತ ಹಾಕಿ ಅಂದ್ರು ಒಬ್ರು, ನಾನು ಖಂಡಿತ ಒಪ್ಪಲ್ಲ, ಕುದುರೆ ಕುಂಟ್ತಾ ಇದೆ ಅಂತ ಗಾಬರಿಯಲ್ಲಿ ಬಂದಿರೋ ಯಜಮಾನನ ಮುಂದೆ ಶವಪೆಟ್ಟಿಗೆ ಅನ್ನೋ ಮಾತು ಆಡೋಕೆ ಬಾಯಿ ಬರುತ್ತಾ? ನನ್ನ ಸಲಹೆ ಬೆರಳ ಲೆಕ್ಕದಲ್ಲೇ ಹೋಗೋಣ ಅಂತ. ಕುದುರೆ ನಿಂತಿರೋದೇ ಒಂದೊಂದು ಕಾಲಲ್ಲಿ ಒಂದೊಂದು ಬೆರಳಿನ ತುದಿ ಮೇಲೆ, ಅದು ನಮ್ಮ ನಡುಬೆರಳಿಗೆ ಸಮ (ಹಸು ಎಮ್ಮೆ ಎರಡು ಬೆರಳ ಮೇಲೆ ನಿಲ್ತಾವೆ, ಆದ್ರೂ ಎರಡಕ್ಕೂ ನಾವು ಗೊರಸು ಅಂತಲೇ ಅಂತೀವಿ). ನಮ್ಮ ಬೆರಳಲ್ಲಿ ಹೇಗೆ ಮೂರು ಮೂಳೆನೋ ಅಲ್ಲೂ ಹಾಗೇ ಮೂರು, ಮೇಲಿಂದ ಕೆಳಗೆ ಮೊದಲ ಬೆರಳ್ಮೂಳೆ, ಎರಡನೇ ಬೆರಳ್ಮೂಳೆ, ಮೂರನೇದು ಗೊರಸಿನೊಳಗಿಂದು. ಗೊರಸುಮೂಳೆ ಅಂದ್ರೆ ಸಾಕು ಅಂತ ನನಗನ್ಸುತ್ತೆ, ಕೇಳಿದ ತಕ್ಷಣ ತಿಳಿಯುತ್ತೆ.

ಬೆರಳ ಲೆಕ್ಕ ಹಿಡಿದ್ರೆ ಇನ್ನೊಂದು ಉಪಯೋಗ ಇದೆ. ಮುಂಗಾಲಲ್ಲಿ ಎಲ್ರೂ ಮಂಡಿ ಅಂತ ತೋರ್ಸೋ ಕೀಲು ನಿಜವಾಗಿ ಮಣಿಕಟ್ಟು, ಹಿಂಗಾಲಲ್ಲಿ ಹಿಂದಕ್ಕೆ ಚೂಪಾಗಿ ಚಾಚಿರೋದು ಹಿಮ್ಮಡಿ. ಅದರ ಕೆಳಗಿನ ಗುಂಡು ಕೀಲು, ಇಂಗ್ಲಿಷ್‌ನಲ್ಲಿ ಫೆಟ್‌ಲಾಕ್, ಅದು ನಾವು ಮುಷ್ಟಿ ಕಟ್ಟಿದಾಗ ಎದ್ದು ಕಾಣೋ ಗೆಣ್ಣೇ. ಇಲ್ಲಿಯ ನಾಲಬಂದರೊಬ್ರು ಕೂಡ ಆ ಕೀಲು ಮುಟ್ಟಿ "ಇದು ಗೆಣ್ಣು" ಅಂದ್ರು, ಯಾರೂ ಹೇಳ್ಕೊಡದೆ. ಹಂಗಾಗಿ ಗೆಣ್ಣು ಪಕ್ಕಾ. ಅದರ ಕೆಳಗಿನ ಓರೆ ಭಾಗಕ್ಕೆ ಮಾತ್ರ ಅವರೂ "ಕಾಲು" ಅಂತಲೇ ಅಂದ್ರು, ಗೊರಸಿಗೆ ಉರ್ದುವಿನಲ್ಲಿ ಸುಮ್ ಅಂತಾರೆ ಅಂತ ಮಾತ್ರ ಹೇಳಿದ್ರು.

ಇನ್ನು ಟೆಂಡನ್ ವಿಷ್ಯ, ಇದು ನಿಜವಾಗಿ ತೊಡಕಿಂದು. ಊರಲ್ಲಿ ಎಲ್ರೂ ನರ ಅಂತಾರೆ, ನರ ಎಳದೈತೆ, ನರ ಬಿಗಿದೈತೆ ಅಂತ. ಪಠ್ಯಪುಸ್ತಕದಲ್ಲಿ ನರ ಅಂದ್ರೆ ನೋವು, ಸ್ಪರ್ಶದ ಸುದ್ದಿ ಒಯ್ಯೋ ನರ್ವ್, ಟೆಂಡನ್‌ಗೆ ಸ್ನಾಯುರಜ್ಜು. ಕುದುರೆ ಪಾದದಲ್ಲಿ ಈ ಎರಡೂ ಪಕ್ಕಪಕ್ಕದಲ್ಲೇ ಇವೆ, ಎರಡಕ್ಕೂ ಕೆಲಸ ಇದೆ. ಕುಂಟೋ ಕುದುರೆಗೆ ನೋವು ಎಲ್ಲಿದೆ ಅಂತ ಹುಡುಕೋಕೆ ಡಾಕ್ಟರು ಗೊರಸಿನ ಹಿಂಭಾಗದ ಮೇಲೆ ಪಾದದ ಎರಡೂ ಮಗ್ಗುಲಲ್ಲಿ ನರ್ವ್ ಪಕ್ಕ ಮರಗಟ್ಟೋ ಇಂಜೆಕ್ಷನ್ ಕೊಟ್ಟು ನಡಸ್ತಾರೆ, ಕುಂಟೋದು ನಿಂತ್ರೆ ನೋವು ಅಲ್ಲೇ ಕೆಳಗಿದೆ ಅಂತ ಗೊತ್ತಾಗಿ ಆಮೇಲೆ ಆ ಜಾಗದ ಚಿತ್ರ ತೆಗೀತಾರೆ. ನೋವು ಇರೋದು ಎಷ್ಟೋ ಸಲ ಟೆಂಡನ್‌ನಲ್ಲಿ, ಅದು ಗೊರಸುಮೂಳೆ ಹಿಂದಿರೋ ಪುಟ್ಟ ದೋಣಿಯಾಕಾರದ ಮೂಳೆ, ನ್ಯಾವಿಕ್ಯುಲರ್, ಅದರ ಬೆನ್ನಿಗೆ ತಾಗಿ ಜಾರ್ಕೊಂಡು ಹೋಗಿ ಗೊರಸುಮೂಳೆಗೆ ಅಂಟುತ್ತೆ. ಎಕ್ಸ್‌ರೇಯಲ್ಲಿ ಆ ಮೂಳೆ ಕಾಣುತ್ತೆ, ಟೆಂಡನ್ ಒಳಗಿನ ಗಾಯ ಕಾಣಲ್ಲ, ಅದಕ್ಕೆ ಎಂಆರ್‌ಐ ಬೇಕು. ಈಗ "ನರಕ್ಕೆ ಇಂಜೆಕ್ಷನ್ ಕೊಟ್ಟು ನರದ ಗಾಯ ಹುಡುಕ್ತಾರೆ" ಅಂತ ಬರದ್ರೆ ಓದೋನಿಗೆ ಏನು ಅರ್ಥ ಆಗ್ಬೇಕು? ಹುರಿ ಅನ್ನೋಣ ಅಂದ್ರೆ ಬೆನ್ನುಹುರಿ ಅಡ್ಡ ಬರುತ್ತೆ. ಸ್ನಾಯುರಜ್ಜು ನಾಲಬಂದರ ಬಾಯಲ್ಲಿ ಹೊರಳಲ್ಲ. ಇದರ ಬಗ್ಗೆ ದಯವಿಟ್ಟು ಯೋಚ್ನೆ ಮಾಡಿ ಹೇಳಿ.

ದಿಕ್ಕಿನ ಪದದಲ್ಲೂ ಹುಷಾರಾಗಿರ್ಬೇಕು. ಡಾರ್ಸಲ್ ಅನ್ನೋದನ್ನ ನಿಘಂಟು ನೋಡಿ ಬೆನ್ನಿನ ಕಡೆ, ಹಿಂಬದಿ ಅಂತ ಮಾಡ್ತಾರೆ, ಆದ್ರೆ ಕುದುರೆ ಪಾದದಲ್ಲಿ ಡಾರ್ಸಲ್ ಅಂದ್ರೆ ಮುಂಭಾಗ! ನಮ್ಮ ಕೈಬೆರಳು ನೆಲಕ್ಕೆ ಊರಿ ನಿಲ್ಸಿ ನೋಡಿ, ಅಂಗೈ ಹಿಂದಕ್ಕೆ ತಿರುಗುತ್ತೆ. ಸುಮ್ನೆ ಮುಂದ್ಗಡೆ, ಹಿಂದ್ಗಡೆ ಅಂತ ಬರೆಯೋದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಗೊರಸಿನ ಗೋಡೆಗೂ ಗೊರಸುಮೂಳೆಗೂ ನಡುವೆ ಎರಡನ್ನೂ ಹಿಡಿದಿಡೋ ತೆಳು ಮಡಿಕೆಗಳಿಗೆ, ಇಂಗ್ಲಿಷ್‌ನಲ್ಲಿ ಲ್ಯಾಮೆಲ್ಲಾ, ನಿರಿಗೆ ಅಂತ ಹಾಕಿದೀನಿ. ಒಂದು ಗೊರಸಲ್ಲಿ ಸುಮಾರು 550 ರಿಂದ 600 ದೊಡ್ಡ ನಿರಿಗೆ, ಒಂದೊಂದರ ಮೇಲೂ ಮತ್ತೆ 150 ರಿಂದ 200 ಸಣ್ಣವು, ಸೀರೆ ನಿರಿಗೆ ಥರ ಒಂದರೊಳಗೊಂದು ಸೇರ್ಕೊಂಡು ಇಡೀ ಕುದುರೆ ಭಾರ ಹೊರೋದು ಇವೇ. ಇವು ಸಡಿಲ ಆದ್ರೆ ಹಿಂದಿನ ಆ ಟೆಂಡನ್ ಎಳೆತಕ್ಕೆ ಗೊರಸುಮೂಳೆ ತುದಿ ಅಂಗಾಲ ಕಡೆ ಬಾಗುತ್ತೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಚೆನ್ನಾಗಿ ಕಾಣುತ್ತೆ, ಆರೋಗ್ಯವಾಗಿರೋ ಪಾದದಲ್ಲಿ ಗೊರಸಿನ ಮುಂಗೋಡೆಯೂ ಮೂಳೆಯ ಮುಂಭಾಗವೂ ಒಂದಕ್ಕೊಂದು ಸಮಾನಾಂತರ ಇರ್ಬೇಕು. ಗೋಡೆ ಗೆರೆ ಎದ್ದು ಕಾಣ್ಲಿ ಅಂತ ಮುಂದೆ ಒಂದು ತಂತಿ ಅಂಟಿಸ್ತಾರೆ, ಭಾರ ಹೊತ್ತ ಪಾದವನ್ನ ಮರದ ದಿಮ್ಮಿ ಮೇಲೆ ಇಡ್ತಾರೆ. ಅಂಗಾಲಿನ ಸಂದುಗಳಲ್ಲಿ ಗಾಳಿ ಉಳಿದ್ರೆ ಚಿತ್ರದಲ್ಲಿ ಕಪ್ಪು ಗೆರೆ ಬಂದು ಮೂಳೆ ಸೀಳಿದ ಹಾಗೆ ಕಾಣುತ್ತೆ ಅಂತ, ಮೇಲಿಂದ ತೆಗೆಯೋವಾಗ ಲಾಳ ಬಿಚ್ಚಿ, ಸಂದು ಕೆರೆದು ಚೊಕ್ಕ ಮಾಡಿ, ಮಕ್ಕಳಾಟದ ಮೆತ್ತನೆ ಕ್ಲೇ ತುಂಬ್ತಾರೆ. ಈ ಕೆಲಸ ನಾಲಬಂದರಿಗೆ ಚೆನ್ನಾಗಿ ಅರ್ಥ ಆಗೋದು, ಅದಕ್ಕೇ ಪದ ಅವರ ಕಿವಿಗೆ ಹೊಂದ್ಬೇಕು ಅಂತ ಇಷ್ಟು ಒದ್ದಾಡ್ತಿರೋದು.

ಸಿಟಿ ಸ್ಲೈಸ್‌ಗೆ ಹೋಳು ಅಂದ್ರೆ ಕಾಲು ಕತ್ತರಿಸ್ತಾರಾ ಅಂತ ಕೇಳಿದ್ರು ಒಬ್ರು, ಅದಕ್ಕೆ "ಪದರದ ಚಿತ್ರ" ಅಂತ ಬದಲಾಯ್ಸಿದೀನಿ.

ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯೋರು ಯಾರಾದ್ರೂ ಇದ್ರೆ, ಸಾಮಾನು ಹೊರೋಕೆ ತಟ್ಟು ಇಟ್ಕೊಂಡಿರೋ ಕುರಿಗಾರ್ರು ಸಿಕ್ಕಿದಾಗ ಗೆಣ್ಣಿಗೂ ಗೊರಸಿಗೂ ನಡುವಿನ ಭಾಗ ಬೆರಳಿಟ್ಟು ತೋರ್ಸಿ "ಇದಕ್ಕೇನಂತೀರಿ ಅಣ್ಣ" ಅಂತ ಕೇಳಿ, ಅವರು ಹೇಳಿದ್ದನ್ನ ಹಂಗೇ, ಯಾವ ಕಡೆ ಮಾತು ಅನ್ನೋದ್ರ ಜೊತೆ ಇಲ್ಲಿ ಬರೀರಿ. ಟೆಂಡನ್‌ಗೆ ನರ ಬಿಟ್ಟು ಬೇರೆ ಏನಾದ್ರೂ ಅಂದ್ರೆ ಅದನ್ನಂತೂ ಮರೀಬೇಡಿ.