ಕೊಲಂಬಿಯಾದ ಕಾಫಿ ಸೀಮೆಗೆ 14 ದಿನ: ಯಾವ ತಿಂಗಳು, ಯಾವ ಊರು?

ಆಲ್ದೂರು_ಕಣ:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಆಲ್ದೂರಿನಿಂದ ನಾಲ್ಕು ಜನ ಕೊಲಂಬಿಯಾಗೆ ಹೊರಡೋ ಯೋಚನೆ, ಹೋಗಿಬರೋದೂ ಸೇರಿ 14 ದಿನ. ಜೊತೆಗೆ ಅತ್ತೆಯವರು, ವಯಸ್ಸು 64. ನಡೀತಾರೆ, ಆದರೆ ಏರು ಜಾಸ್ತಿ ಆಗಲ್ಲ. ಇಬ್ಬರು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಲ್ಲಿನ ಕುಯ್ಲು ನೋಡಬೇಕು, ಆದರೆ ನಮ್ಮ ಅರೇಬಿಕಾ ಕಾಫಿ ಹಣ್ಣಾಗೋ ಹೊತ್ತಿಗೆ ವಾಪಸ್ ತೋಟದಲ್ಲಿರಬೇಕು. ಏಜೆಂಟರ ಪಟ್ಟಿಯಲ್ಲಿ ಬೊಗೊಟಾ, ಮೆಡೆಲಿನ್, ಕಾರ್ತಹೇನಾ, ಸಾಂತಾ ಮಾರ್ತಾ ಎಲ್ಲ ಇದೆ, ಕಾಫಿ ಸೀಮೆಗೆ ಮಾತ್ರ ಒಂದೇ ದಿನ. ಇದು ಸರಿಯಾ? ಊಟಕ್ಕೇನು ಗತಿ? ಇನ್ನೊಂದು, ಅಲ್ಲಿನ ಕಾಸ್ತಿಯೊ ಕಾಫಿ ತಳಿಯ ಬೀಜ ಒಂದು ಹಿಡಿ ತಂದರೆ ತೊಂದರೆಯಾಗುತ್ತಾ?

ಗಿರಿಶ್ರೇಣಿ_ಮಳೆಮಾಪಕ:

ಪಟ್ಟಿ ಹರಿದು ಹಾಕಿ. ಸಾಂತಾ ಮಾರ್ತಾ, ಕಾರ್ತಹೇನಾ ಎರಡೂ ಕೆರಿಬಿಯನ್ ಕರಾವಳಿ. ಕಾರ್ತಹೇನಾದ ಹಳೇ ಕೋಟೆ ಊರು ಚೆನ್ನಾಗಿದೆ ನಿಜ, 1984ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇದೆ. ಆದರೆ ಬೆವರೋಕೆ ಅಷ್ಟು ದೂರ ಯಾಕೆ, ಮಂಗಳೂರು ಇಲ್ಲೇ ಇದೆಯಲ್ಲ.

ಮೊದಲು ತಿಂಗಳ ಲೆಕ್ಕ. ನಮ್ಮಲ್ಲಿ ಹೂಮಳೆ ಬಿದ್ದರೆ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತೆ, ಆ ಹೂವಿನದ್ದೇ ಕುಯ್ಲು. ಅಲ್ಲಿ ಹಾಗಲ್ಲ. ಕಾಫಿ ಸೀಮೆ ಇರೋದು ಸಮಭಾಜಕದಿಂದ ಬರೀ 4-5 ಡಿಗ್ರಿ ಉತ್ತರಕ್ಕೆ, ವರ್ಷಕ್ಕೆ ಎರಡು ಮಳೆಗಾಲ: ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್. ಗಿಡ ಹಲವು ಸಲ ಹೂ ಬಿಡೋದರಿಂದ ಒಂದೇ ರೆಂಬೆಯಲ್ಲಿ ಮೊಗ್ಗು, ಹಸಿರು ಕಾಯಿ, ಕೆಂಪು ಹಣ್ಣು ಮೂರೂ ಕಾಣುತ್ತವೆ. ಕಾಲ್ದಾಸ್, ರಿಸರಾಲ್ದಾ ಪ್ರಾಂತ್ಯಗಳಲ್ಲಿ ದೊಡ್ಡ ಕುಯ್ಲು ಸೆಪ್ಟೆಂಬರ್‌ನಿಂದ ಡಿಸೆಂಬರ್, ಸಣ್ಣದು ಏಪ್ರಿಲ್‌ನಿಂದ ಜೂನ್. ಸಣ್ಣದಕ್ಕೆ 'ಮಿತಾಕಾ' ಅಂತಾರೆ.

ಮೇ ತಿಂಗಳಲ್ಲಿ ಹೋದರೆ ಇಲ್ಲಿ ಮರಗಸಿ (ನೆರಳುಮರದ ಕೊಂಬೆ ಸವರೋದು), ರೋಗ ಬರದ ಹಾಗೆ ಮುಂಗಾರಿಗೆ ಮುಂಚೆ ಮಾಡೋ ಬೋರ್ಡೋ ಸಿಂಪಡಣೆ ಎರಡೂ ತಲೆ ಮೇಲಿರುತ್ತೆ. ಜುಲೈ-ಆಗಸ್ಟ್‌ನಲ್ಲಿ ನಮ್ಮಲ್ಲಿ ಜಡಿಮಳೆ, ಅಲ್ಲಿ ಒಣಹವೆ. ಬೆಟ್ಟ ಚೆನ್ನಾಗಿ ಕಾಣುತ್ತೆ, ಆಗಸ್ಟ್ ಮೊದಲ ಭಾಗದಲ್ಲಿ ಮೆಡೆಲಿನ್‌ನ ಹೂವಿನ ಜಾತ್ರೆಯೂ ಸಿಗುತ್ತೆ, ಆದರೆ ಗಿಡದಲ್ಲಿ ಹಣ್ಣು ಕಡಿಮೆ. ನಿಮಗೆ ಹೊಂದೋದು ಸೆಪ್ಟೆಂಬರ್ ಕೊನೇ ವಾರ ಹೊರಟು ಅಕ್ಟೋಬರ್ ಎರಡನೇ ವಾರ ವಾಪಸ್. ಕುಯ್ಲು ಏರ್ತಾ ಇರುತ್ತೆ, ಮಳೆ ಇನ್ನೂ ಪೂರ್ತಿ ಹಿಡಿದಿರಲ್ಲ. ಮಧ್ಯಾಹ್ನದ ಮೇಲೆ ಮಳೆ ಅಂತ ಇಟ್ಟುಕೊಂಡು ಹೊರಗಿನ ಕೆಲಸ ಬೆಳಿಗ್ಗೆ ಮುಗಿಸಿ.

ದಾರಿ: ಬೊಗೊಟಾ 2 ರಾತ್ರಿ, ಕಾಫಿ ಸೀಮೆಯ ಸಣ್ಣ ಊರು ಸಾಲೆಂತೊ ಅಥವಾ ಫಿಲಾಂದಿಯಾ 4, ಚಿಂಚಿನಾ-ಮನಿಸಾಲೆಸ್ ಕಡೆ ಒಂದು ತೋಟದಲ್ಲಿ 3, ಕೊನೆಗೆ ಮತ್ತೆ ಬೊಗೊಟಾ 1. ಉಳಿದದ್ದು ವಿಮಾನದಲ್ಲೇ ಹೋಗುತ್ತೆ, ನೇರ ವಿಮಾನ ಇಲ್ಲ. ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಹಾಗಾಗಿ ಮೊದಲ ಎರಡು ದಿನ ಏನೂ ತುರುಕಬೇಡಿ. ಬೊಗೊಟಾ 2,600 ಮೀಟರ್ ಎತ್ತರ (ಮುಳ್ಳಯ್ಯನಗಿರಿ 1,930), ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ. ಆ ದಿನಗಳಿಗೆ ಚಿನ್ನದ ಮ್ಯೂಸಿಯಂ ಸಾಕು. ಸೋಮವಾರ ರಜೆ, ನೋಡಿಕೊಳ್ಳಿ.

ಸಾಲೆಂತೊಗಿಂತ ಫಿಲಾಂದಿಯಾ ನನ್ನ ಆಯ್ಕೆ. ಗದ್ದಲ ಕಡಿಮೆ, ಕಾಫಿ ಕುಯ್ಯೋ ಬುಟ್ಟಿ ಹೆಣೆಯೋರು ಇನ್ನೂ ಅಲ್ಲಿದ್ದಾರೆ. ಸಾಲೆಂತೊದ ಬಣ್ಣಬಣ್ಣದ ಬೀದಿ ವಾರಾಂತ್ಯದಲ್ಲಿ ನಮ್ಮ ಗಿರಿ ರಸ್ತೆಯ ಭಾನುವಾರದ ಹಾಗೇ.

ಬೇಲೂರು_ರಸ್ತೆ:

ದಾರಿ ಸರಿ, ಆದರೆ ಟಿಕೆಟ್‌ಗಿಂತ ಮೊದಲು ಕಾಗದ ಮತ್ತು ಲಸಿಕೆ. ಜನ ಎಡವೋದು ವಾಪಸ್ ಬರುವಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ.

ಹಳದಿ ಜ್ವರ ಇರೋ ದೇಶಗಳ ಪಟ್ಟಿಯಲ್ಲಿ ಕೊಲಂಬಿಯಾ ಇದೆ. ಅಲ್ಲಿಂದ ಭಾರತಕ್ಕೆ ಬರೋರ ಹತ್ತಿರ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿ 10 ದಿನ ಆದಮೇಲೆ ಮಾತ್ರ ಸರ್ಟಿಫಿಕೇಟ್‌ಗೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತೆ. ಹಾಕೋದು ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಊರಿನ ನರ್ಸಿಂಗ್ ಹೋಮ್‌ದು ಆಗಲ್ಲ. ಪುಸ್ತಕದಲ್ಲಿ ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿ.

ಅತ್ತೆಯವರ ವಿಷಯ: ಇದು ಜೀವಂತ ವೈರಾಣುವಿನ ಲಸಿಕೆ, 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ಮೊಟ್ಟೆಯ ಅಲರ್ಜಿ ಇದ್ದರೂ ಹೇಳಬೇಕು (ತಿನ್ನಲ್ಲ ಅನ್ನೋದು ಬೇರೆ, ಅಲರ್ಜಿ ಬೇರೆ). ಟಿಕೆಟ್ ತೆಗೆಯೋ ಮುಂಚೆ ಅವರ ವೈದ್ಯರ ಮಾತು ಕೇಳಿ. ಬೇಡ ಅಂದರೆ ಅವರ ಪ್ರಯಾಣವನ್ನೇ ಇನ್ನೊಮ್ಮೆ ಯೋಚಿಸಿ. ಕೊಲಂಬಿಯಾದಲ್ಲೇ 2025ರ ಏಪ್ರಿಲ್‌ನಲ್ಲಿ ಇದೇ ಜ್ವರಕ್ಕೆ ಆರೋಗ್ಯ ತುರ್ತುಸ್ಥಿತಿ ಘೋಷಿಸಿದ್ದರು. ಹೆಚ್ಚು ಪ್ರಕರಣ ಇದ್ದ ತೊಲಿಮಾ, ಸಾಲೆಂತೊ ಇರೋ ಕಿಂದಿಯೊ ಪ್ರಾಂತ್ಯದ ಪಕ್ಕದ್ದೇ.

ವೀಸಾ: ಅಮೆರಿಕದ ಅಥವಾ ಯುರೋಪಿನ ಶೆಂಗೆನ್ ವೀಸಾ ಇದ್ದು, ಅಲ್ಲಿ ಇಳಿಯೋ ದಿನಕ್ಕೆ ಇನ್ನೂ 180 ದಿನ ಬಾಕಿ ಇದ್ದರೆ ಪ್ರತ್ಯೇಕ ವೀಸಾ ಬೇಡ. ಇಲ್ಲದಿದ್ದರೆ ಅವರ ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲೇ ಅರ್ಜಿ. ಶುಲ್ಕ ಎರಡು ಕಂತು, ಪರಿಶೀಲನೆಯದ್ದು ಒಂದು, ವೀಸಾ ಕೊಟ್ಟಮೇಲೆ ಇನ್ನೊಂದು. ತಿರಸ್ಕಾರ ಆದರೆ ಮೊದಲನೆಯದು ಹೋಯ್ತು ಅಂತ ಲೆಕ್ಕ. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸೋಕೂ ಅವರ ವೀಸಾ ಬೇಕು. ಯುರೋಪಿನಲ್ಲಿ ದೇಶಕ್ಕೊಂದು ನಿಯಮ, ವಿಮಾನ ಕಂಪನಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹೊರಡೋಕೆ 72 ಗಂಟೆಯೊಳಗೆ 'ಚೆಕ್-ಮಿಗ್' ಅನ್ನೋ ಫಾರಂ ಆನ್‌ಲೈನ್ ತುಂಬಬೇಕು, ಉಚಿತ. ದುಡ್ಡು ಕೇಳೋ ನಕಲಿ ಸೈಟುಗಳಿವೆ.

ಪಲ್ಪರ್_ಮನೆ:

ಚಿಂಚಿನಾ ಕಡೆ 3 ರಾತ್ರಿ ಅಂದಿದ್ದನ್ನ ಮಾತ್ರ ಕಡಿಮೆ ಮಾಡಬೇಡಿ. ಸಾಲೆಂತೊದಲ್ಲಿ ಮಾರೋ 'ಕಾಫಿ ಟೂರ್' ಅಂದರೆ ಎರಡು ಗಂಟೆ: ಹತ್ತು ಗಿಡ ತೋರಿಸಿ, ಹಣ್ಣಿನ ಸಿಪ್ಪೆ ಬಿಡಿಸೋ ಕೈಪಲ್ಪರ್ ತಿರುಗಿಸಿ, ಹುರಿದು, ಒಂದು ಕಪ್ ಕೊಡ್ತಾರೆ. ಬೆಂಗಳೂರಿನವರಿಗೆ ಸಾಕು. ಆಲ್ದೂರಿನವರಿಗೆ ಯಾಕೆ? ಅದನ್ನೇ ನಾವು ದುಡ್ಡು ತಗೊಂಡು ತೋರಿಸಬಹುದು!

ಚಿಂಚಿನಾ ಸುತ್ತ 1,300ರಿಂದ 1,700 ಮೀಟರ್ ಇಳಿಜಾರು. ಬಹುಪಾಲು ಹಿಡುವಳಿ 5 ಹೆಕ್ಟೇರಿಗಿಂತ ಕಡಿಮೆ, ನಮ್ಮಲ್ಲಿರೋ ಹಾಗೆ ದೊಡ್ಡ ಎಸ್ಟೇಟು ಅಲ್ಲಿ ಅಪರೂಪ. ಹೆಕ್ಟೇರಿಗೆ 5,000 ಗಿಡ ಸಾಮಾನ್ಯ, ಎಕರೆಗೆ ಎರಡು ಸಾವಿರ. ನಮ್ಮ ಎಸ್.795 ತಳಿಯನ್ನು ಆರಡಿ-ಆರಡಿಗೆ ಹಾಕಿದರೆ ಎಕರೆಗೆ 1,200. ಹೆಚ್ಚಿನ ಕಡೆ ನೆರಳಿಲ್ಲ, ಸಿಲ್ವರ್ ಮರ ಇಲ್ಲ, ಮೆಣಸಿನ ಬಳ್ಳಿ ಇಲ್ಲ, ಅಲ್ಲಲ್ಲಿ ಬಾಳೆ ಅಷ್ಟೆ. 'ಹಾಗಾದರೆ ನಾವೂ ಮರ ತೆಗೆಯೋಣ' ಅನ್ನೋ ಯೋಚನೆ ಬಂದೇ ಬರುತ್ತೆ, ಬೇಡ. ಅಲ್ಲಿ ನಾಲ್ಕು ತಿಂಗಳ ಉರಿಬಿಸಿಲಿಲ್ಲ, ಮೋಡವೇ ನೆರಳು. ಜೊತೆಗೆ ನಮ್ಮ ಬಿಳಿ ಕಾಂಡಕೊರಕ ಅಲ್ಲಿಲ್ಲ. ಬಿಸಿಲು ಬಿದ್ದ ಕಾಂಡದಲ್ಲೇ ಆ ಹುಳ ಮೊಟ್ಟೆ ಇಡೋದು. ಕಾಯಿಕೊರಕ ಮಾತ್ರ ಇಬ್ಬರಿಗೂ ಸಮಪಾಲು: ಅಲ್ಲಿಗೆ 1988, ನಮ್ಮ ನೀಲಗಿರಿ ಕಡೆಗೆ 1990.

ನೋಡಲೇಬೇಕಾದದ್ದು ಒಣಗಿಸೋ ಜಾಗ. ನಮ್ಮ ಕುಯ್ಲು ಒಣಹವೆಯಲ್ಲಿ, ಹಾಗಾಗಿ ತೆರೆದ ಕಣ, ಅಕಾಲ ಮಳೆ ಬಂದರೆ ಟಾರ್ಪಾಲ್ ಹಿಡಿದು ಓಟ. ಅವರದ್ದು ಮಳೆಗಾಲದಲ್ಲೇ ಕುಯ್ಲು. ಅದಕ್ಕೆ ಹಳೇ ಮನೆಗಳ ಮಾಳಿಗೆಯೇ ಕಣ, ಅದರ ಮೇಲಿನ ಚಾವಣಿ ಹಳಿಗಳ ಮೇಲೆ ಕೂತಿರುತ್ತೆ. ಬಿಸಿಲು ಬಂದರೆ ಚಾವಣಿಯನ್ನು ಪಕ್ಕಕ್ಕೆ ತಳ್ಳೋದು, ಹನಿ ಬಿದ್ದರೆ ಎಳೆದು ಮುಚ್ಚೋದು. ಹೆಸರು 'ಎಲ್ದಾ'. ಚಕ್ರದ ಗ್ರೀಸ್, ಹಳಿಯ ಕೆಳಗಿನ ತೊಲೆ, ನೀರು ಹೋಗೋ ದೋಣಿ ಎಲ್ಲ ಹತ್ತಿರ ನಿಂತು ಫೋಟೊ ತೆಗೆಯಿರಿ. ಜನವರಿ ಮಳೆಗೆ ಕಾಫಿ ನೆನೆಸಿಕೊಂಡವರಿಗೆ ಉಪಯೋಗಕ್ಕೆ ಬರುತ್ತೆ. ಹೊಸಬರು ಪ್ಲಾಸ್ಟಿಕ್ ಹೊದಿಸಿದ ಕಮಾನು ಮನೆ ಮಾಡ್ತಾರೆ. ಅದರ ಎರಡೂ ತುದಿ ಮುಚ್ಚಿಟ್ಟರೆ ತೇವ ಹೊರಗೆ ಹೋಗದೆ ಬೂಷ್ಟು ಬರುತ್ತೆ.

ಪಲ್ಪಿಂಗ್ ಆದಮೇಲೆ ತೊಟ್ಟಿಯಲ್ಲಿ 12ರಿಂದ 18 ಗಂಟೆ ಕೊಳೆಹಾಕಿ ತೊಳೀತಾರೆ. ಡಿಸೆಂಬರ್ ಚಳಿಯಲ್ಲಿ ನಮಗೆ 24ರಿಂದ 36 ಬೇಕಾಗುತ್ತೆ. ಅವರೂ ಪಾರ್ಚ್‌ಮೆಂಟನ್ನು (ಒಳಹೊಟ್ಟು ಇನ್ನೂ ಇರೋ ಬೀಜ) 10-12 ಶೇಕಡಾ ತೇವಕ್ಕೆ ಇಳಿಸ್ತಾರೆ.

ಊರಿನ ಸಹಕಾರ ಸಂಘದ ಖರೀದಿ ಕಟ್ಟೆಗೂ ಒಮ್ಮೆ ಹೋಗಿ. 1927ರಲ್ಲಿ ಹುಟ್ಟಿದ ಬೆಳೆಗಾರರ ಒಕ್ಕೂಟ ದಿನದ ದರ ಪ್ರಕಟಿಸುತ್ತೆ, 125 ಕೆಜಿ ಒಣ ಪಾರ್ಚ್‌ಮೆಂಟಿನ 'ಕಾರ್ಗಾ' ಲೆಕ್ಕದಲ್ಲಿ. ನಮ್ಮ 50 ಕೆಜಿ ಮೂಟೆಗೆ ಹೋಲಿಸೋಕೆ ಎರಡೂವರೆಯಿಂದ ಭಾಗಿಸಿ. ಸ್ಯಾಂಪಲ್ ಸುಲಿದು ಔಟ್‌ಟರ್ನ್ ನೋಡ್ತಾರೆ: ಹೊಟ್ಟು ತೆಗೆದ 70 ಕೆಜಿ ರಫ್ತು ಬೇಳೆಗೆ ಎಷ್ಟು ಕೆಜಿ ಪಾರ್ಚ್‌ಮೆಂಟ್ ಬೇಕು ಅನ್ನೋ ಸಂಖ್ಯೆ. 94ರ ಸುತ್ತಮುತ್ತ ಸಾಧಾರಣ, ಕಡಿಮೆ ಬಂದಷ್ಟೂ ದರ ಜಾಸ್ತಿ.

ಒಕ್ಕೂಟದ ಸಂಶೋಧನಾ ಕೇಂದ್ರ ಸೆನಿಕಫೆ (1938) ಇದೇ ಭಾಗದಲ್ಲಿದೆ, ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹಾಗೆ. ಪ್ರವಾಸಿ ತಾಣ ಅಲ್ಲ, ತಿಂಗಳು ಮುಂಚೆ ಬರೆದು ಕೇಳಿ.

ಘಾಟಿ_ಕೆಳಗೆ:

ಊಟ. ಅಲ್ಲಿ 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂದರೆ ಕೋಳಿ ಹಾಕಿ ಕೊಡ್ತಾರೆ, ಅವರಿಗೆ ಕಾರ್ನೆ ಅಂದರೆ ದನದ ಮಾಂಸ. 'ಸಿನ್ ಪೊಯೊ, ಸಿನ್ ಸೆರ್ದೊ, ಸಿನ್ ಪೆಸ್ಕಾದೊ, ಸಿನ್ ವೆವೊ' ಅಂತ ಕೋಳಿ, ಹಂದಿ, ಮೀನು, ಮೊಟ್ಟೆ ಒಂದೊಂದೇ ಹೇಳಬೇಕು. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಂಪು ಹುರುಳಿಕಾಯಿ ಬೀಜದ ಸಾರು 'ಫ್ರಿಹೋಲೆಸ್' ನೋಡಿ ಖುಷಿಯಾಗುತ್ತೆ, ಅದರಲ್ಲೇ ಹಂದಿಚರ್ಮ ಬೆಂದಿರುತ್ತೆ. ಸೂಪಿನ ನೀರು ಕೋಳಿದು. ನಂಬಬಹುದಾದದ್ದು: ಮೆಕ್ಕೆಜೋಳದ ರೊಟ್ಟಿ ಅರೆಪಾ, ಬಿಳಿ ಅನ್ನ, ಅವೊಕಾಡೊ, ಹಸಿಬಾಳೆ ತಟ್ಟಿ ಎರಡು ಸಲ ಕರಿದ ಪಟಕೋನ್ (ಎಣ್ಣೆ ಯಾವುದಕ್ಕೆ ಬಳಸಿದ್ದು ಅಂತ ಕೇಳಿ). ಚೀಸ್ ಬನ್ನುಗಳಲ್ಲಿ ಮೊಟ್ಟೆ ಇರಬಹುದು. ಬೆಲ್ಲದ ಬಿಸಿನೀರು 'ಅಗುವಾಪನೆಲಾ' ಎಲ್ಲ ಕಡೆ ಸಿಗುತ್ತೆ, ಜೊತೆಗೆ ಒಂದು ತುಂಡು ಚೀಸ್. ಅತ್ತೆಯವರಿಗೆ ಹಿಡಿಸಬಹುದು.

ಅನ್ನದ ಕುಕ್ಕರ್ ಒಯ್ಯೋರಿಗೆ: ಅಲ್ಲಿ 110 ವೋಲ್ಟ್, ಎರಡು ಚಪ್ಪಟೆ ಪಿನ್ನು. ನಮ್ಮ 230 ವೋಲ್ಟಿನ ಕುಕ್ಕರ್ ಕಾಲುಭಾಗ ಶಕ್ತಿಯಲ್ಲಿ ಉರಿಯುತ್ತೆ, ಅನ್ನ ಆಗಲ್ಲ. ಬೊಗೊಟಾದಲ್ಲಿ ನೀರು 91 ಡಿಗ್ರಿ ಸುಮಾರಿಗೇ ಕುದಿಯೋದರಿಂದ ಬೇಳೆಯೂ ಬೇಗ ಬೇಯಲ್ಲ. ಅವಲಕ್ಕಿ, ಚಟ್ನಿಪುಡಿ ಒಯ್ದರೆ ಜಾಣತನ. ಕಾಫಿ 'ತಿಂತೊ' ಅಂದರೆ ಹಾಲಿಲ್ಲದ್ದು, ಬೀದಿಯಲ್ಲಿ ಸಿಗೋದು ಹೆಚ್ಚಾಗಿ ಕೆಳದರ್ಜೆ ಬೇಳೆಯದ್ದು. ಒಳ್ಳೇದು ರಫ್ತಿಗೆ ಹೋಗೋ ಕಥೆ ನಮಗೇನೂ ಹೊಸದಲ್ಲ.

ಕೊಕೊರಾ ಕಣಿವೆಗೆ ಸಾಲೆಂತೊ ಚೌಕದಿಂದ ವಿಲ್ಲಿಸ್ ಜೀಪು, ಸುಮಾರು 11 ಕಿ.ಮೀ., ತುಂಬಿದ ಮೇಲೆ ಬಿಡ್ತಾರೆ. ಹಿಂದೆ ಕಂಬಿ ಹಿಡಿದು ನಿಲ್ಲೋರೂ ಟಿಕೆಟ್‌ದಾರರೇ. ಬೆಳಿಗ್ಗೆಯ ಮೊದಲ ಜೀಪು ಹಿಡಿಯಿರಿ, ಆಮೇಲೆ ಮಂಜು. ಪೂರ್ತಿ ಸುತ್ತು 12 ಕಿ.ಮೀ. ಹತ್ತಿರ, 5-6 ಗಂಟೆ, ತೂಗುಸೇತುವೆ, ಕೆಸರು. ಅತ್ತೆಯವರನ್ನು ಆ ಕಡೆ ಕರಕೊಂಡು ಹೋಗಬೇಡಿ. ಜೀಪು ಇಳಿದ ರಸ್ತೆಯಲ್ಲೇ ನೇರ ಮುಂದೆ ನಡೆದರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಮೇಣದ ತಾಳೆಮರಗಳ ಬುಡ ಸಿಗುತ್ತೆ. 60 ಮೀಟರ್ ತನಕ ಬೆಳೆಯೋ ಮರ, 1985ರಿಂದ ಅವರ ರಾಷ್ಟ್ರವೃಕ್ಷ. ಹುಲ್ಲುಗಾವಲಲ್ಲಿ ಒಂಟಿಯಾಗಿ ನಿಂತದ್ದು ಚೆಂದ ಕಾಣುತ್ತೆ, ಆದರೆ ಅದು ಕಡಿದ ಕಾಡಿನ ಉಳಿಕೆ. ಕೆಳಗೆ ಮರಿಗಿಡ ಹುಡುಕಿ, ಇರಲ್ಲ. ಬಿಸಿಲಿಗೆ ಒಣಗುತ್ತೆ ಇಲ್ಲಾ ದನ ಮೇಯುತ್ತೆ. ಖಾಸಗಿ ಜಮೀನು, ಗೇಟಿನಲ್ಲಿ ನಗದು ಕೇಳ್ತಾರೆ.

ನೆವಾದೊ ದೆಲ್ ರುಯಿಸ್ 5,321 ಮೀಟರಿನ ಜೀವಂತ ಜ್ವಾಲಾಮುಖಿ. 1985ರ ನವೆಂಬರ್ 13ರ ರಾತ್ರಿ ಅದರ ಕೆಸರುಪ್ರವಾಹಕ್ಕೆ ಅರ್ಮೆರೊ ಊರೇ ಹೋಯ್ತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಮನಿಸಾಲೆಸ್‌ನಿಂದ ಮೋಡ ಸರಿದ ಮುಂಜಾನೆ ನೋಡಿದರೆ ಸಾಕು.

ಸುರಕ್ಷತೆಗೆ ಅವರದೇ ಮಾತು 'ನೊ ದಾರ್ ಪಪಾಯಾ', ಪಪ್ಪಾಯಿ ಕೊಡಬೇಡ. ಕಳ್ಳನ ಮುಂದೆ ಹಣ್ಣು ಹಿಡಿಯಬೇಡ ಅಂತ. ಬೊಗೊಟಾ ಬೀದಿಯಲ್ಲಿ ಫೋನ್ ಕೈಲಿ ಹಿಡಿದು ದಾರಿ ನೋಡಬೇಡಿ, ಕತ್ತಿನ ಸರ ಊರಲ್ಲೇ ಬಿಡಿ, ಅಪರಿಚಿತರು ಕೊಟ್ಟ ಪಾನೀಯ ಬೇಡ.

ಆಲ್ದೂರು_ಕಣ:

ತುಂಬಾ ಉಪಕಾರ. ಲಸಿಕೆ ವಿಷಯ ಏಜೆಂಟರು ಬಾಯೇ ಬಿಟ್ಟಿರಲಿಲ್ಲ. ಕಾಫಿ ಸೀಮೆಗೆ ಬೊಗೊಟಾದಿಂದ ವಿಮಾನದಲ್ಲಿ ಅರ್ಮೇನಿಯಾಗೆ ಇಳಿಯೋದಾ, ಪೆರೇರಾಗಾ, ಮನಿಸಾಲೆಸ್‌ಗಾ? ಬೀಜದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಪಲ್ಪರ್_ಮನೆ:

ಪೆರೇರಾ. ಮನಿಸಾಲೆಸ್‌ನ ನಿಲ್ದಾಣ ಬೆಟ್ಟದ ಮೇಲೆ, ಮಂಜು ಮುಚ್ಚಿ ವಿಮಾನ ರದ್ದಾಗೋದು ಮಾಮೂಲು. ಅರ್ಮೇನಿಯಾ ಆದರೂ ನಡೆಯುತ್ತೆ, ಆದರೆ ಟಿಕೆಟ್ ಹುಡುಕುವಾಗ ಅದೇ ಹೆಸರಿನ ದೇಶ ಬರುತ್ತೆ, ಹುಷಾರು. ರಸ್ತೆಯಲ್ಲೇ ಹೋಗಬೇಕು ಅಂದರೆ 2020ರಲ್ಲಿ ತೆರೆದ ಲಾ ಲಿನಿಯಾ ಸುರಂಗದ ದಾರಿ ಇದೆ. ಲಾರಿ ಸಾಲು ಸಿಕ್ಕರೆ ನಮ್ಮ ಶಿರಾಡಿ ನೆನಪಾಗುತ್ತೆ, ಇಡೀ ದಿನ ಅದಕ್ಕೇ ಇಡಿ.

ಬೀಜ ತರಬೇಡಿ, ಒಂದು ಹಿಡಿಯೂ ಬೇಡ. ಸಸ್ಯ ಕ್ವಾರಂಟೈನ್ ಪರವಾನಗಿ ಇಲ್ಲದೆ ಬೀಜ, ಹಸಿ ಬೇಳೆ, ಗಿಡ ಯಾವುದೂ ಒಳಗೆ ಬರೋ ಹಾಗಿಲ್ಲ. ಬಾಬಾಬುಡನ್ ಏಳು ಬೀಜ ತಂದರು ಅನ್ನೋದು ಆ ಕಾಲಕ್ಕೆ ಪುಣ್ಯ. ಈಗ 'ಕೋಳಿಕಣ್ಣು' ಅಂತ ಅವರು ಕರೆಯೋ ಎಲೆಚುಕ್ಕೆ ಶಿಲೀಂಧ್ರ ಲ್ಯಾಟಿನ್ ಅಮೆರಿಕದಲ್ಲಿದೆ, ನಮ್ಮಲ್ಲಿಲ್ಲ, ತಂಪು-ತೇವದ ತೋಟವೇ ಅದಕ್ಕೆ ಬೇಕಾದ್ದು. ಅಲ್ಲದೆ ಕಾಸ್ತಿಯೊ ಅಂದರೆ ಕಟುರ್ರಾ ಮತ್ತು ಟಿಮೋರ್ ಹೈಬ್ರಿಡ್ ಅನ್ನೋ ಎರಡು ತಳಿ ಸೇರಿಸಿ ಬೆಳೆಸಿದ್ದು. ಬಾಳೆಹೊನ್ನೂರಿನ ಚಂದ್ರಗಿರಿ ತಳಿಯಲ್ಲೂ ಅದೇ ಟಿಮೋರ್ ಹೈಬ್ರಿಡ್ ರಕ್ತ ಇದೆ, ಎಲೆತುಕ್ಕು ರೋಗ ನಿರೋಧಕ ಗುಣ ಬಂದದ್ದು ಅಲ್ಲಿಂದಲೇ.

ಹುರಿದ ಕಾಫಿ ಬೇಕಾದರೆ ತನ್ನಿ. ತೋಟದಲ್ಲಿ ಹಾಕಿದ ಶೂಗಳ ಮಣ್ಣನ್ನು ಅಲ್ಲೇ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿ ತನ್ನಿ. ಆ ಬಟ್ಟೆಗಳನ್ನು ಒಗೆಯದೆ ಇಲ್ಲಿನ ತೋಟಕ್ಕೆ ಇಳಿಯಬೇಡಿ.