ರೇಡಿಯಂ ಜಾಕೆಟ್‌ಗಳ ಲೆಕ್ಕ ಇಡುವುದು ಹೇಗೆ, ಹಳತನ್ನು ತೆಗೆದುಹಾಕುವುದು ಯಾವಾಗ?

ಪ್ರಶ್ನೆ: ಉಗ್ರಾಣದ ಮೇಲ್ವಿಚಾರಕ, ತುಮಕೂರು

ಎಲ್ಲರಿಗೂ ನಮಸ್ಕಾರ. ಹೆದ್ದಾರಿ ಅಗಲೀಕರಣದ ಒಂದು ಗುತ್ತಿಗೆಯಲ್ಲಿ ಉಗ್ರಾಣದ ಹೊಣೆ ನನ್ನದು. ನಮ್ಮಲ್ಲಿ ಸುಮಾರು 240 ಮಂದಿ ಕೆಲಸ ಮಾಡುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ರಾತ್ರಿ ಪಾಳಿಯವರು, ಲಾರಿಗಳ ಓಡಾಟ ನಿಲ್ಲದ ರಸ್ತೆಯ ಅಂಚಿನಲ್ಲೇ ನಿಂತು ದುಡಿಯುವವರು. ಸೈಟಿನಲ್ಲಿ ಎಲ್ಲರೂ ರೇಡಿಯಂ ಜಾಕೆಟ್ ಎನ್ನುವ ಪ್ರತಿಫಲಕ ಜಾಕೆಟನ್ನು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು, ತಿಂಗಳಿಗೊಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನೋಡಿ, ಹೆಸರಿನ ಮುಂದೆ 'ಸುಸ್ಥಿತಿಯಲ್ಲಿದೆ' ಎಂದು ಬರೆಯುವುದು ಇದುವರೆಗೆ ನಾನು ನಡೆಸಿಕೊಂಡು ಬಂದ ಪದ್ಧತಿ.

ಕಳೆದ ತಿಂಗಳು ಮೇಲ್ವಿಚಾರಣೆಯ ಸುರಕ್ಷತಾ ಅಧಿಕಾರಿಯೊಬ್ಬರು ರಾತ್ರಿ ಜೀಪಿನಲ್ಲಿ ಬಂದರು. ಜೀಪಿನ ದೀಪದ ಬೆಳಕಿಗೆ ಒಂಬತ್ತು ಜನರ ಗುಂಪಿನಲ್ಲಿ ನಾಲ್ವರ ಜಾಕೆಟ್ ಮಾತ್ರ ಹೊಳೆಯಿತು. ಉಳಿದ ಐವರು ಇದ್ದಾರೆಂಬುದೇ ಜೀಪು ಹತ್ತಿರ ಬರುವವರೆಗೆ ಗೊತ್ತಾಗಲಿಲ್ಲ. ಆ ಐವರ ಹೆಸರಿನ ಮುಂದೆಯೂ ನನ್ನದೇ ಕೈಬರಹದಲ್ಲಿ 'ಸುಸ್ಥಿತಿಯಲ್ಲಿದೆ' ಎಂದಿದೆ. ರಸ್ತೆ ಕಾಮಗಾರಿಯ ವಲಯದಲ್ಲಿ ಸಂಚಾರ ನಿರ್ವಹಣೆಗೆಂದು ಭಾರತೀಯ ರಸ್ತೆ ಕಾಂಗ್ರೆಸ್ ಹೊರತಂದಿರುವ ಎಸ್‌ಪಿ 55 ಮಾರ್ಗಸೂಚಿ ನಮ್ಮ ಕಡತದಲ್ಲಿದ್ದು ಏನು ಪ್ರಯೋಜನವಾಯಿತು ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಪ್ರತಿ ಜಾಕೆಟಿಗೂ ಕ್ಯೂಆರ್ ಕೋಡ್ ಅಥವಾ ಆರ್‌ಎಫ್‌ಐಡಿ ಚಿಪ್ (ರೇಡಿಯೋ ತರಂಗದ ಮೂಲಕ ಯಂತ್ರ ದೂರದಿಂದಲೇ ಓದಬಲ್ಲ ಗುರುತಿನ ಬಿಲ್ಲೆ) ಹಾಕಿಸಿ ಎಂಬ ಸಲಹೆ ಈಗ ಕಚೇರಿಯಿಂದ ಬಂದಿದೆ. ಅದರಿಂದ ನನ್ನ ತೊಂದರೆ ಪರಿಹಾರವಾಗುವುದೇ? ಜಾಕೆಟಿನ ಆಯಸ್ಸು ಮುಗಿದಿದೆ ಎಂದು ನಿರ್ಧರಿಸುವ ಸರಿಯಾದ ಕ್ರಮ ಯಾವುದು? ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಬದಲಾಯಿಸಿದರೆ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸುರಕ್ಷತಾ ಅಧಿಕಾರಿ, ಬೆಂಗಳೂರು

ಸರ್, ನೀವು ಹಗಲಿನಲ್ಲಿ ಸಾಲು ನಿಲ್ಲಿಸಿ ನೋಡಿದಿರಿ, ಅವರು ರಾತ್ರಿ ದೀಪ ಹಾಯಿಸಿ ನೋಡಿದರು. ವ್ಯತ್ಯಾಸವೆಲ್ಲ ಇರುವುದು ಅಲ್ಲಿಯೇ. ಒಂದು ಜಾಕೆಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಹಳದಿ ಅಥವಾ ಕಿತ್ತಳೆ ಬಣ್ಣದ ಫ್ಲೋರೊಸೆಂಟ್ ಬಟ್ಟೆ ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಮತ್ತು ನೀಲಿ ಅಂಶವನ್ನು ಹೀರಿಕೊಂಡು, ಅದನ್ನು ಕಣ್ಣಿಗೆ ಚೆನ್ನಾಗಿ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಆದ್ದರಿಂದಲೇ ಅದು ಹಗಲಿನಲ್ಲಿ, ಅದರಲ್ಲೂ ಮೋಡ ಕವಿದಾಗ ಮತ್ತು ಮುಸ್ಸಂಜೆಯಲ್ಲಿ ಎದ್ದು ಕಾಣುತ್ತದೆ. ಸೋಡಿಯಂ ದೀಪದ ಕೆಳಗೆ ಅದೇ ಬಟ್ಟೆ ಮಂಕಾಗಿಬಿಡುತ್ತದೆ. ರಾತ್ರಿ ಜೀವ ಕಾಯುವುದು ಬೂದು ಬಣ್ಣದ ಪಟ್ಟಿ. ಅದರೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಪ್ರಿಸಂಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತವೆ. (ಅದರಲ್ಲಿ ರೇಡಿಯಂ ಧಾತುವಿನ ಅಂಶ ಎಳ್ಳಷ್ಟೂ ಇಲ್ಲ, ಆ ಹೆಸರು ಹೇಗೋ ನಮ್ಮ ಬಾಯಲ್ಲಿ ಉಳಿದುಬಿಟ್ಟಿದೆ.) ಮಣಿಗಳು ಸವೆದು ಹೋಗಿದ್ದರೂ, ಅವುಗಳ ಮೇಲೆ ಸಿಮೆಂಟಿನ ಪುಡಿ ಕಟ್ಟಿಕೊಂಡಿದ್ದರೂ ಹಗಲಿನಲ್ಲಿ ಪಟ್ಟಿ ಬೂದಾಗಿಯೇ ಕಾಣುವುದರಿಂದ ನಿಮ್ಮ ಕಣ್ಣಿಗೆ ಅದು ಬೀಳಲಿಲ್ಲ.

ಪರೀಕ್ಷೆಗೆ ಉಪಕರಣ ಬೇಕೆಂದೇನೂ ಇಲ್ಲ. ಒಂದೇ ಖರೀದಿಯ ಹೊಸ ಜಾಕೆಟೊಂದನ್ನು ಕಪ್ಪು ಚೀಲದಲ್ಲಿ ಹಾಕಿ, ಬಿಸಿಲು ತಾಗದ ಕಡೆ ಮಾದರಿಯಾಗಿ ಎತ್ತಿಡಿ. ಕತ್ತಲಾದ ಮೇಲೆ ಅದನ್ನೂ ಪರೀಕ್ಷಿಸಬೇಕಾದ ಜಾಕೆಟನ್ನೂ ಅಕ್ಕಪಕ್ಕದಲ್ಲಿ ತೂಗುಹಾಕಿ, ಹದಿನೈದು ಮೀಟರ್ ದೂರದಿಂದ ಟಾರ್ಚ್ ಬಿಟ್ಟು ನೋಡಿ. ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿಯಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಬೆಳಕು ತನ್ನ ಮೂಲಕ್ಕೆ ಮರಳುವುದರಿಂದ, ಒಬ್ಬರು ಟಾರ್ಚ್ ಹಿಡಿದು ಐದು ಹೆಜ್ಜೆ ಆಚೆ ನಿಂತ ಇನ್ನೊಬ್ಬರು ನೋಡಿದರೆ ಹೊಸ ಜಾಕೆಟ್ ಕೂಡ ಕೆಟ್ಟದ್ದೆಂದೇ ತೋರುತ್ತದೆ. ಹೀಗೆ ತಪ್ಪಾಗಿ ನೋಡಿ ಒಳ್ಳೆಯ ಜಾಕೆಟ್‌ಗಳನ್ನು ತಿರಸ್ಕರಿಸಿದವರನ್ನು ಕಂಡಿದ್ದೇನೆ. ವಿವಾದ ಬಂದಾಗ ಮಾತ್ರ ಪ್ರತಿಫಲನ ಅಳೆಯುವ ಮಾಪಕ ತರಿಸಿದರಾಯಿತು. ಇಂಥ ಉಡುಪುಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 20471ರ ಪ್ರಕಾರ ಹೊಸ ಪಟ್ಟಿ ನೇರ ಬೆಳಕಿನಲ್ಲಿ ಆ ಮಾಪಕದಲ್ಲಿ ಕನಿಷ್ಠ 330 ಅಂಕ ತೋರಬೇಕು. ಒಗೆತ, ಸವೆತಗಳ ಪರೀಕ್ಷೆಗಳಾದ ಮೇಲೂ 100ಕ್ಕಿಂತ ಕೆಳಗಿಳಿಯಬಾರದು.

ಇನ್ನೊಂದು ಮಾತು. ಖರೀದಿಸುವಾಗಲೇ ಲೇಬಲ್ ಓದಿ. ನಮ್ಮ ದೇಶದ ಮಾನಕ ಐಎಸ್ 15809. ಐಎಸ್‌ಒ ಲೆಕ್ಕದಲ್ಲಿ (ವರ್ಗದ ಸಂಖ್ಯೆ ಹೆಚ್ಚಿದಷ್ಟೂ ಉಡುಪು ಹೆಚ್ಚು ಎದ್ದು ಕಾಣುತ್ತದೆ) ಎರಡನೆಯ ವರ್ಗದ ಉಡುಪಿಗೆ 0.50 ಚದರ ಮೀಟರ್ ಫ್ಲೋರೊಸೆಂಟ್ ಬಟ್ಟೆ ಮತ್ತು 0.13 ಚದರ ಮೀಟರ್ ಪಟ್ಟಿ ಬೇಕು. ಮೂರನೆಯ ವರ್ಗಕ್ಕೆ 0.80 ಮತ್ತು 0.20. ತೋಳಿಲ್ಲದ ಜಾಕೆಟ್ ಎಷ್ಟೇ ದೊಡ್ಡದಿರಲಿ, ಅದೊಂದೇ ಮೂರನೆಯ ವರ್ಗಕ್ಕೆ ಸೇರುವುದಿಲ್ಲ. ವೇಗದ ಹೆದ್ದಾರಿಯಲ್ಲಿ ರಾತ್ರಿ ನಿಲ್ಲುವವರಿಗೆ ತೋಳಿನ ಮೇಲೂ ಪಟ್ಟಿಯಿರುವ ಉಡುಪನ್ನೇ ಕೊಡಿ. ಕೈ ಆಡುವುದು ಕಂಡಾಗ ಅದು ಕಂಬವಲ್ಲ, ಮನುಷ್ಯ ಎಂದು ಚಾಲಕನಿಗೆ ತಿಳಿಯುತ್ತದೆ.

ಉತ್ತರ 2: ಕೈಗಾರಿಕಾ ಸಮವಸ್ತ್ರಗಳ ಒಗೆತ ಘಟಕ, ಹೊಸೂರು

ಚಿಪ್ಪಿನ ವಿಷಯದಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ. ಜಾಕೆಟ್ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಎಷ್ಟು ಸಲ ನಮ್ಮ ಯಂತ್ರಕ್ಕೆ ಬಂದಿದೆ ಎಂಬುದನ್ನು ಚಿಪ್ ಹೇಳಬಲ್ಲದು. ಅದು ಹೊಳೆಯುತ್ತದೆಯೇ ಎಂಬುದನ್ನು ಹೇಳಲಾರದು. ಒಗೆತಕ್ಕೆಂದೇ ತಯಾರಾದ ಚಿಪ್‌ಗಳು ಸಾಮಾನ್ಯವಾಗಿ 200 ಒಗೆತ ತಾಳುವಂತಿರುತ್ತವೆ, ಅಂದರೆ ಜಾಕೆಟ್ ಸತ್ತ ಮೇಲೂ ಚಿಪ್ ಬದುಕಿರುತ್ತದೆ. ಅದು ಕೆಲಸ ಮಾಡುವ ತರಂಗಗಳನ್ನು ಮೈಯಲ್ಲಿನ ನೀರಿನ ಅಂಶ ಹೀರಿಕೊಳ್ಳುವುದರಿಂದ, ತೊಟ್ಟವರ ಬೆನ್ನಿಗೆ ಒತ್ತಿಕೊಂಡ ಚಿಪ್ಪನ್ನು ಗೇಟಿನ ಯಂತ್ರ ಓದದೇ ಬಿಡುವುದುಂಟು. ಕಬ್ಬಿಣದ ಸರಳುಗಳ ರಾಶಿಯ ಪಕ್ಕದಲ್ಲಂತೂ ಹೇಳುವುದೇ ಬೇಡ. ಜಾಕೆಟಿನ ಕೆಳ ಅಂಚಿನ ಮಡಿಕೆಯೊಳಗೆ ಹೊಲಿಸಿದರೆ ಸ್ವಲ್ಪ ವಾಸಿ.

ಒಗೆತವೆಲ್ಲ ಒಂದೇ ಕಡೆ ನಡೆಯುವಲ್ಲಿ ಮಾತ್ರ ಈ ಖರ್ಚು ಸಾರ್ಥಕ. ನಿಮ್ಮಲ್ಲಿ ಕೆಲಸಗಾರರು ತಂತಮ್ಮ ಶೆಡ್ಡಿನಲ್ಲೇ ಒಗೆದುಕೊಳ್ಳುವುದಾದರೆ, ಅಳಿಸಿಹೋಗದ ಶಾಯಿಯಲ್ಲಿ ಒಳಭಾಗಕ್ಕೆ ಕ್ರಮಸಂಖ್ಯೆ, ಕೊಟ್ಟ ತಿಂಗಳು ಮತ್ತು ವರ್ಷ ಬರೆಸುವುದೇ ಸಾಕು. ಕ್ಯೂಆರ್ ಬೇಕೇ ಬೇಕೆಂದರೆ ನೇಯ್ದ ಪಟ್ಟಿಯ ಮೇಲೆ ಮಾಡಿಸಿ, ಕಾಗದದ ಸ್ಟಿಕ್ಕರ್ ಒಂದು ಮಳೆಗೂ ನಿಲ್ಲುವುದಿಲ್ಲ.

ಲೇಬಲ್ಲಿನಲ್ಲಿ ಗರಿಷ್ಠ 25 ಒಗೆತ ಎಂದು ಬರೆದಿದ್ದರೆ, ಅಷ್ಟು ಒಗೆತದವರೆಗೆ ಖಂಡಿತ ಬಾಳುತ್ತದೆ ಎಂದು ತಿಳಿಯಬಾರದು. ಅದು ಒಗೆತವೊಂದನ್ನೇ ಲೆಕ್ಕಕ್ಕೆ ಹಿಡಿದ ಸಂಖ್ಯೆ. ಬಿಸಿಲು, ಡಾಂಬರು, ಉಜ್ಜಾಟ ಅದರಲ್ಲಿ ಸೇರಿಲ್ಲ. ನಮ್ಮಲ್ಲಿಗೆ ಬರುವ ಜಾಕೆಟ್‌ಗಳನ್ನು ಹೆಚ್ಚಾಗಿ ಹಾಳುಮಾಡಿರುವುದು ಬ್ಲೀಚಿಂಗ್ ಪೌಡರು, ಬಟ್ಟೆ ಮೃದುಗೊಳಿಸುವ ದ್ರಾವಣ, ಪಟ್ಟಿಯ ಮೇಲೇ ಇಸ್ತ್ರಿ ಮತ್ತು ಒಗೆಯುವ ಕಲ್ಲಿನ ಮೇಲೆ ಬ್ರಷ್ಷಿನ ಉಜ್ಜಾಟ. ಡಾಂಬರಿನ ಕಲೆ ತೆಗೆಯಲು ಡೀಸೆಲ್ಲಿನಲ್ಲಿ ಅದ್ದುವವರೂ ಇದ್ದಾರೆ. ಅದರಿಂದ ಪಟ್ಟಿ ಹಾಳಾಗುವುದಲ್ಲದೆ, ಬೆಂಕಿಗೆ ಆಹ್ವಾನ ಕೊಡುವ ಉಡುಪನ್ನು ಮೈಮೇಲೆ ತೊಟ್ಟುಕೊಂಡಂತಾಗುತ್ತದೆ. ತಣ್ಣೀರು, ಸಾಧಾರಣ ಸೋಪಿನ ಪುಡಿ, ನೆರಳಿನಲ್ಲಿ ಒಣಗಿಸುವುದು ಇಷ್ಟೇ ಸಾಕು.

ಉತ್ತರ 3: ಫೋರ್‌ಮನ್, ದೋಹಾ (ಊರು ಕುಂದಾಪುರ)

ಮೇಲಿನ ಇಬ್ಬರೂ ಜಾಕೆಟಿನ ಬಗ್ಗೆ ಹೇಳಿದ್ದಾರೆ, ನಾನು ತೊಡುವವರ ಬಗ್ಗೆ ಹೇಳುತ್ತೇನೆ. ಜಾಕೆಟ್ ಹರಿದರೆ ಅಥವಾ ಕಳೆದುಹೋದರೆ ಸಂಬಳದಲ್ಲಿ ಹಿಡಿಯುತ್ತೀರಾ? ಹಿಡಿಯುವುದಾದರೆ ನಿಮ್ಮ ಯಾವ ಲೆಕ್ಕವೂ ನಿಜವಾಗಿರುವುದಿಲ್ಲ. ನಾನು ಮೊದಲು ಇದ್ದ ಕಡೆ ಹೀಗೆಯೇ ಹಿಡಿಯುತ್ತಿದ್ದರು. ತಪಾಸಣೆಯ ದಿನ ಎಲ್ಲರೂ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹೊಸದನ್ನು ತೊಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದರು, ಮರುದಿನ ಮತ್ತೆ ಹಳೆಯ ಚಿಂದಿಯೇ ಮೈಮೇಲೆ. ಹಳೆಯದನ್ನು ತಂದವನಿಗೆ ಯಾವ ಪ್ರಶ್ನೆಯೂ ಇಲ್ಲದೆ ಹೊಸದು ಕೊಡುವ ನಿಯಮ ಬಂದ ಮೇಲಷ್ಟೇ ಹಾಳಾದ ಜಾಕೆಟ್‌ಗಳು ತಾವಾಗಿ ಉಗ್ರಾಣಕ್ಕೆ ಬರತೊಡಗಿದವು. ಮೊದಲ ತಿಂಗಳು ಖರ್ಚು ಏರಿತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಸೆಕೆಯೂ ಒಂದು ಕಾರಣ. ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಉಳಿದ ವೇಳೆಯಲ್ಲೂ ದಪ್ಪ ಪಾಲಿಯೆಸ್ಟರ್ ಜಾಕೆಟನ್ನು ಜನ ಗುಂಡಿ ಬಿಚ್ಚಿ ಬಿಡುತ್ತಾರೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಬಲೆಯಂಥ ಬಟ್ಟೆಯದ್ದನ್ನು, ಸರಿಯಾದ ಅಳತೆಯದ್ದನ್ನು ಕೊಟ್ಟರೆ ಈ ಗೋಳು ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಒಂದು ಪಾಳಿಯ 62 ಜಾಕೆಟ್‌ಗಳನ್ನು ಟಾರ್ಚ್ ಹಿಡಿದು ನೋಡಿದೆ. 23 ಪಕ್ಕಕ್ಕೆ ಬಂದವು, ಅವುಗಳಲ್ಲಿ ಕೊಟ್ಟು ಎರಡೇ ತಿಂಗಳಾದವೂ ಇದ್ದವು. ಆರು ತಿಂಗಳ ನಿಯಮದ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಫೋರ್‌ಮನ್ ಅವರು ಊಹಿಸಿದಂತೆ ನಮ್ಮಲ್ಲೂ ಸಂಬಳದಲ್ಲಿ ಹಿಡಿಯುವ ಪದ್ಧತಿಯಿದೆ, ಅದನ್ನು ನಿಲ್ಲಿಸಲು ಕಚೇರಿಗೆ ಬರೆದಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಮಳೆಗಾಲದಲ್ಲಿ ಜನ ಜಾಕೆಟಿನ ಮೇಲೆ ಕಪ್ಪು ರೇನ್‌ಕೋಟ್ ಹಾಕುತ್ತಾರೆ, ಆಗ ಏನು ಮಾಡಬೇಕು? ತಿರಸ್ಕರಿಸಿದ ಜಾಕೆಟ್‌ಗಳನ್ನು ಏನು ಮಾಡುವುದು?

ಉತ್ತರ 1ರ ಸುರಕ್ಷತಾ ಅಧಿಕಾರಿ

ಪಟ್ಟಿಯಿರುವ ರೇನ್‌ಕೋಟನ್ನೇ ಕೊಡಿಸಿ, ಅದಕ್ಕೂ ಕ್ರಮಸಂಖ್ಯೆ ಹಾಕಿ ಅದೇ ಟಾರ್ಚ್ ಪರೀಕ್ಷೆಗೆ ಒಳಪಡಿಸಿ. ಗಾಜಿನ ಮಣಿಯ ಪಟ್ಟಿ ನೀರಿನ ಪದರ ಕೂತಾಗ ಮಂಕಾಗುವುದರಿಂದ, ಬಕೆಟ್ ನೀರಿನಲ್ಲಿ ನೆನೆಸಿಯೂ ಒಮ್ಮೆ ನೋಡಿರಿ. ಬೆನ್ನಿನ ಚೀಲವೂ ಪಟ್ಟಿಯನ್ನು ಮರೆಮಾಡುತ್ತದೆ, ಅದನ್ನು ಶೆಡ್ಡಿನಲ್ಲೇ ಇಟ್ಟು ಬರಲು ಹೇಳಿ. ತಿರಸ್ಕರಿಸಿದ್ದನ್ನು ಹಾಗೆಯೇ ಬಿಟ್ಟರೆ ಒಂದೇ ವಾರದಲ್ಲಿ ಬೇರೊಬ್ಬರ ಮೈಮೇಲೆ ಮರಳುತ್ತದೆ. ಪಟ್ಟಿಗಳನ್ನು ಕತ್ತರಿಸಿ ತೆಗೆದು, ಕ್ರಮಸಂಖ್ಯೆಯಿರುವ ತುಂಡನ್ನು ರಿಜಿಸ್ಟರಿನ ಆ ಪುಟಕ್ಕೇ ಪಿನ್ ಮಾಡಿಡಿ. ಉಳಿದ ಬಟ್ಟೆಯನ್ನು ಯಂತ್ರ ಒರೆಸಲು ಮೆಕ್ಯಾನಿಕ್‌ಗಳಿಗೆ ಕೊಡಬಹುದು.